ಕುದುರೆಯ ಚಹರೆ ಮತ್ತು ಹನ್ನೆರಡು ಕ್ರೆಡಿಟ್

ಹೈದರಾಬಾದಿನ ಕಾಚಿಗುಡದ ಮಾಮಾನಿಗೆ ಸಂಶೋಧನೆಯ ಹುಚ್ಚು ಹತ್ತಿದ್ದು ನಿವೃತ್ತಿಯಾದ ಮೇಲೆ, ಅದೂ ಇನ್ನೊಬ್ಬರ ಸಂಶೋಧನೆಯದು. ಈ ಮಾಮಾನನ್ನು ಈ ಲೇಖಕ ತೀರಾ ಹತ್ತಿರದಿಂದ ಬಲ್ಲ. ಇಬ್ಬರ ಕನ್ನಡಕದ ನಂಬರೂ ಒಂದೇ, ಆಧಾರ್ ಕಾರ್ಡಿನ ನಂಬರೂ ಒಂದೇ. ಆದರೂ ಮುಂದಿನದನ್ನೆಲ್ಲ 'ಅವನು' ಮಾಡಿದ ಎಂದು ಬರೆಯುವುದೇ ಕ್ಷೇಮ.

ಅಕ್ಕನ ಮಗಳು ರಾಯಚೂರಿನಲ್ಲಿ ಬಿ.ಎ. ಇತಿಹಾಸ ಓದುತ್ತಿದ್ದಳು. ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಗೆ ಸೇರಿದ್ದು ಮೂರೇ ತಂಡ: 2021, 2022, 2023ರವರು. 2024ರ ಮೇ ತಿಂಗಳಲ್ಲಿ ಸರ್ಕಾರ ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ಇಳಿಸಿತು. ಆಗಲೇ ಒಳಗಿದ್ದವರು ಮಾತ್ರ ಮನಸ್ಸಿದ್ದರೆ ನಾಲ್ಕನೆಯ ವರ್ಷವನ್ನೂ ಓದಿ ಆನರ್ಸ್ ಪಡೆಯಬಹುದು ಎಂದಿತು. ಮುಚ್ಚುತ್ತಿರುವ ಬಾಗಿಲು ಕಂಡರೆ ನುಗ್ಗಬೇಕೆನಿಸುವುದು ಅವಳ ತಾಯಿಯ ಕಡೆಯ ಗುಣ. ಯುಜಿಸಿ 2022ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟು ಓದಲು ಸರಳವಾಗಿಯೇ ಇದೆ. ಮೂರು ವರ್ಷಕ್ಕೆ 120 ಕ್ರೆಡಿಟ್, ನಾಲ್ಕಕ್ಕೆ 160. ಮೊದಲ ಆರು ಸೆಮಿಸ್ಟರಿನಲ್ಲಿ ಶೇ 75 ಬಂದವರು ಕೊನೆಯ ವರ್ಷ ಸಂಶೋಧನೆ ಮಾಡಬಹುದು, ಅದರ ಪ್ರಬಂಧಕ್ಕೆ 12 ಕ್ರೆಡಿಟ್. ಹಾಗೆ ಮುಗಿಸಿದವರಿಗೆ ಎಂ.ಎ. ಇಲ್ಲದೆಯೇ ಪಿಎಚ್.ಡಿ.ಗೆ ಅರ್ಜಿ ಹಾಕುವ ಹಕ್ಕು.

ಬಂಧುಬಳಗಕ್ಕೆ ಇದು ಅರ್ಥವಾಗಲಿಲ್ಲ. "ನಾಲ್ಕನೇ ವರ್ಷ ಅಂದ್ರ? ಒಂದು ವರ್ಷ ಫೇಲ್ ಆತೇನು?" ಎಂದು ಮದುವೆಮನೆಯಲ್ಲಿ ಒಬ್ಬರು ಮರುಕಪಟ್ಟರು. ಇನ್ನೊಬ್ಬರು ಪ್ಯಾಕೇಜ್ ಎಷ್ಟು ಎಂದರು. ಗಚ್ಚಿಬೌಲಿಯ ಗಾಜಿನ ಕಟ್ಟಡದಲ್ಲಿ ಕೂತು, ಯಾವ ದೇಶದ ಯಾವ ವಿಮಾ ಕಂಪನಿಗೆ ಯಾವ ಕೋಷ್ಟಕ ತುಂಬುತ್ತಿದ್ದೇನೆ ಎಂದು ತನ್ನ ಹೆಂಡತಿಗೇ ಇನ್ನೂ ವಿವರಿಸಲಾಗದ ನೆಂಟನೊಬ್ಬ, "ಹಿಸ್ಟರಿಯಿಂದ ಉಪಯೋಗ ಏನು?" ಎಂದು ಕೇಳಿದ. ಊಟದ ಎಲೆಯ ಮುಂದೆ ಜಗಳ ಬೇಡವೆಂದು ಮಾಮಾ ಸುಮ್ಮನಿದ್ದ. ಆ ಸಿಟ್ಟೇ ಮುಂದಿನ ಅನಾಹುತಕ್ಕೆಲ್ಲ ಕಾರಣ. ಕೈ ತೊಳೆಯುವಷ್ಟರಲ್ಲಿ ಅವನು ಹುಡುಗಿಯ ಸಂಶೋಧನೆಯ ಸಂಪೂರ್ಣ ಹೊಣೆ ಹೊತ್ತುಬಿಟ್ಟಿದ್ದ.

ಹುಡುಗಿ ಹೈದರಾಬಾದಿಗೆ ಬರಲೇಬೇಕಿತ್ತು. ಅವಳ ವಿಷಯ ನಿಜಾಮರ ಕೊನೆಯ ದಶಕಗಳಲ್ಲಿ ರಾಯಚೂರು ಜಿಲ್ಲೆಯ ಶಾಲೆಗಳಲ್ಲಿ ಕನ್ನಡ ಕಲಿಕೆ. ಬೀದರ, ಕಲಬುರಗಿ, ರಾಯಚೂರುಗಳು 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಬಂದವು. 2019ರಲ್ಲಿ ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕವೆಂದು ಕರೆದದ್ದೂ ಆಯಿತು. ಹೆಸರಿನಿಂದ ಹೈದರಾಬಾದ್ ಹೋಯಿತು, ಆದರೆ ಆ ಕಾಲದ ಎಷ್ಟೋ ಕಾಗದ ಇವತ್ತಿಗೂ ಇಲ್ಲಿ, ಉಸ್ಮಾನಿಯಾ ಕ್ಯಾಂಪಸ್ಸಿನ ಮಗ್ಗುಲಿನ ತಾರ್ನಾಕದ ಸರ್ಕಾರಿ ಪತ್ರಾಗಾರದಲ್ಲೇ ಇದೆ. ರಾಯಚೂರಿನ ಹುಡುಗಿ ತನ್ನ ಅಜ್ಜನ ಶಾಲೆಯ ಬಗ್ಗೆ ತಿಳಿಯಲು ತೆಲಂಗಾಣದ ರಾಜಧಾನಿಯ ರೈಲು ಹತ್ತಬೇಕು.

ಮಾಮಾನ ಅರ್ಹತೆಗಳನ್ನೂ ಹೇಳಿಬಿಡಬೇಕು. ಕಾಚಿಗುಡದಲ್ಲಿ ಬೆಳೆದವನು. ನೃಪತುಂಗ ಶಾಲೆಯಲ್ಲಿ ಕನ್ನಡದಲ್ಲಿ ಓದಿದವನು. ಕರ್ನಾಟಕ ಸಾಹಿತ್ಯ ಮಂದಿರದ ಭಾಷಣಗಳಿಗೆ ತಪ್ಪದೆ ಹೋಗಿ ಮುಂದಿನ ಸಾಲಿನಲ್ಲೇ ನಿದ್ದೆ ಮಾಡಿದವನು. ಜಿ.ಎಸ್. ಶಿವರುದ್ರಪ್ಪನವರು 1963ರಿಂದ 1966ರವರೆಗೆ ಉಸ್ಮಾನಿಯಾದಲ್ಲಿ ಕನ್ನಡ ಕಲಿಸಿದರು ಎಂಬುದನ್ನು ತಾನೇ ಆ ತರಗತಿಯಲ್ಲಿ ಕೂತಿದ್ದವನಂತೆ ವರ್ಣಿಸುತ್ತಾನೆ. ಆಗ ಅವನಿಗೆ ಚಡ್ಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಆರ್ಟ್ಸ್ ಕಾಲೇಜಿನ ಗುಲಾಬಿ ಗ್ರಾನೈಟಿನ ಕಟ್ಟಡದ ಮುಂದೆ ಹುಡುಗಿಯನ್ನು ನಿಲ್ಲಿಸಿ, 1939ರಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅದನ್ನು ಉದ್ಘಾಟಿಸಿದ್ದನ್ನೂ ಹೇಳಿದ, 1918ರಲ್ಲಿ ಉಸ್ಮಾನಿಯಾ ಉರ್ದು ಮಾಧ್ಯಮದ ವಿಶ್ವವಿದ್ಯಾಲಯವಾಗಿ ಶುರುವಾದದ್ದನ್ನೂ ಹೇಳಿದ. ಇಲ್ಲಿಯವರೆಗೆ ಎಲ್ಲ ಸರಿಯೇ ಇತ್ತು. ಆಮೇಲೆ, "ಉರ್ದೂದ ಚಿಂತಿ ಮಾಡಬ್ಯಾಡ, ನಾ ಅದೀನಿ" ಎಂದ.

ಅವನ ಉರ್ದು ಇರಾನಿ ಚಹಾದಂಗಡಿಯದು. ಚೌಕಾಸಿಗೆ ಸಾಕು, ಆಟೋದವನೊಡನೆ ಜಗಳಕ್ಕೆ ಧಾರಾಳ. ಅಕ್ಷರಗಳ ಪರಿಚಯ ಅಂಗಡಿ ಬೋರ್ಡಿನಷ್ಟು, ಅದೂ ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದರೆ.

ಹುಡುಗಿಗೆ ಬೇಕಾದದ್ದು 1930–40ರ ದಶಕದ ಶಿಕ್ಷಣ ಇಲಾಖೆಯ ವರದಿಗಳು. ಮಾಮಾ ಒಪ್ಪಲಿಲ್ಲ. "ಬುಡದಿಂದ ಶುರು ಮಾಡಬೇಕು" ಎಂದ. ಅವನ ಲೆಕ್ಕದಲ್ಲಿ ಬುಡವೆಂದರೆ ಔರಂಗಜೇಬ. ತಾರ್ನಾಕದ ಪತ್ರಾಗಾರದಲ್ಲಿ ಷಹಜಹಾನ್ ಮತ್ತು ಔರಂಗಜೇಬರ ದಖನ್ ಆಡಳಿತದ ಲಕ್ಷಕ್ಕೂ ಮೀರಿದ ಕಾಗದಗಳಿವೆ ಎಂದು ಎಲ್ಲೋ ಓದಿದ್ದ. ಇಷ್ಟರಲ್ಲಿ ಒಂದಾದರೂ ರಾಯಚೂರಿನದು ಇರದೇ? ಹೈದರಾಬಾದಿನ ಆಡಳಿತಕ್ಕೆ ಉರ್ದು ಬಂದದ್ದು 1884ರಲ್ಲಿ, ಅದಕ್ಕೆ ಹಿಂದಿನದೆಲ್ಲ ಫಾರ್ಸಿ ಎಂಬುದನ್ನು ಮಾತ್ರ ಅವನು ಓದಿರಲಿಲ್ಲ.

ಕಟ್ಟು ಬಂತು. ಕಂದು ತಿರುಗಿದ ಕಾಗದ, ಅದರ ಮೇಲೆ ಶಿಕಸ್ತಾ ಬರಹ. ಗುಮಾಸ್ತರು ಅವಸರದಲ್ಲಿ ಬರೆಯುತ್ತಿದ್ದ ಈ ಬರಹದಲ್ಲಿ ಚುಕ್ಕೆಗಳು ಬಿದ್ದುಹೋಗುತ್ತವೆ, ಕೂಡಬಾರದ ಅಕ್ಷರಗಳು ಕೂಡಿಕೊಳ್ಳುತ್ತವೆ, ಸಾಲು ಕೊನೆಗೆ ಬರುವಷ್ಟರಲ್ಲಿ ಮೇಲಕ್ಕೆ ಹಾರುತ್ತದೆ. ಫಾರ್ಸಿ ಚೆನ್ನಾಗಿ ಬಲ್ಲವರೇ ಇದನ್ನು ಓದಲು ವರ್ಷಗಟ್ಟಲೆ ಕಣ್ಣು ಪಳಗಿಸಬೇಕು. ಮಾಮಾ ಕನ್ನಡಕ ಏರಿಸಿದ, ಗಂಟಲು ಸರಿಮಾಡಿಕೊಂಡ, ಕಟ್ಟನ್ನು ಎಡಗಡೆಯಿಂದ, ಅಂದರೆ ಹಿಂದಿನಿಂದ, ಬಿಚ್ಚಿದ.

"ಹೂಂ" ಎಂದ.

ಓದುಕೋಣೆಯಲ್ಲಿ ಈ 'ಹೂಂ'ಗೆ ಒಂದು ತೂಕವಿದೆ. ನಾಲ್ಕಾರು ತಲೆಗಳು ಎದ್ದವು. ಇನ್ನು ಹಿಂದೆ ಸರಿಯುವಂತಿರಲಿಲ್ಲ. ಮಾಮಾ ಹಾಳೆಯನ್ನು ಹತ್ತಿರ ತಂದ, ದೂರ ಹಿಡಿದ, ಕಿಟಕಿಯ ಬೆಳಕಿಗೆ ಓರೆ ಮಾಡಿದ. ಒಂದು ಸುರುಳಿ ಅವನಿಗೆ 'ರಾ' ಎಂದು ಕಂಡಿತು. ರಾ ಎಂದ ಮೇಲೆ ರಾಯಚೂರೇ. "ಬರಕೋ" ಎಂದ ಹುಡುಗಿಗೆ. "ರಾಯಚೂರಿನ ಒಬ್ಬ ಪಂಡಿತಗ ಪಾಠಶಾಲಿ ನಡಸಲಿಕ್ಕೆ ಕೊಟ್ಟ ಇನಾಮು." ಹುಡುಗಿ ಬರೆದುಕೊಂಡಳು. ಅಷ್ಟಕ್ಕೆ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಶ್ರೋತೃ ಸಿಕ್ಕ ಹರಿದಾಸ ನಿಲ್ಲುತ್ತಾನೆಯೇ? "ನಾಲ್ಕು ಎಕರೆ ಜಮೀನು, ಕೆರಿ ಪಕ್ಕ" ಎಂದು ಸೇರಿಸಿದ.

"ಮಾಮಾ, ಆವಾಗ ಎಕರೆ ಇತ್ತೇನು?"

"ಬಿಘಾ ಅಂತನ ಬರದದ. ನಿನಗ ತಿಳೀಲಿ ಅಂತ ನಾ ಎಕರೆ ಅಂದೆ."

ಹುಡುಗಿ ಅದನ್ನೂ ಬರೆದುಕೊಂಡಳು. ಮುಂದೆ ಪಂಡಿತನಿಗೆ ಒಬ್ಬ ತಮ್ಮ ಹುಟ್ಟಿದ. ತಮ್ಮನಿಗೂ ಅಣ್ಣನಿಗೂ ಜಮೀನಿನ ತಕರಾರು ಬಂತು, ಖಾಜಿಯ ಮುಂದೆ ವಿಚಾರಣೆ ನಡೆಯಿತು, ಊರ ಗೌಡ ಅಣ್ಣನ ಪರ ಸಾಕ್ಷಿ ನುಡಿದ. ಔರಂಗಜೇಬನ ಕಾಲದ ರಾಯಚೂರಿನ ಸಾಮಾಜಿಕ ಇತಿಹಾಸ ಒಂದೇ ಹಾಳೆಯಿಂದ ಪುಂಖಾನುಪುಂಖವಾಗಿ ಹೊರಬರುತ್ತಿತ್ತು. ಪಕ್ಕದ ಮೇಜಿನಲ್ಲಿ ಭೂತಗನ್ನಡಿ ಹಿಡಿದು ಕೂತಿದ್ದ ವೃದ್ಧರೊಬ್ಬರು ಬಹಳ ಹೊತ್ತು ಸಹಿಸಿದರು. ಕೊನೆಗೆ ಎದ್ದು ಬಂದು, ಹೈದರಾಬಾದಿನವರಿಗೆ ಮಾತ್ರ ಬರುವ ವಿನಯದಲ್ಲಿ, "ಜನಾಬ್, ಮಾಫ್ ಕೀಜಿಯೇ" ಎಂದು ಹಾಳೆಯನ್ನು ಮೆಲ್ಲಗೆ ತಿರುಗಿಸಿ ಮೇಜಿನ ಮೇಲಿಟ್ಟರು. ಅದು ಅಲ್ಲಿಯವರೆಗೂ ತಲೆಕೆಳಗಾಗಿತ್ತು.

ಆಮೇಲೆ ಅವರು ಓದಿದರು. ಸವಾರನ ಹೆಸರು, ತಂದೆಯ ಹೆಸರು. ಮೈಬಣ್ಣ ಗೋಧಿ, ಹಣೆ ಅಗಲ, ಹುಬ್ಬು ಬಿಡಿಬಿಡಿ, ಎಡಗೆನ್ನೆಯ ಮೇಲೆ ಮಚ್ಚೆ.

"ಮತ್ತೆ ಪಂಡಿತರು?" ಎಂದಳು ಹುಡುಗಿ.

ವೃದ್ಧರು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. ಕುದುರೆ. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಪಟ್ಟೆ, ತೊಡೆಯ ಮೇಲೆ ಮುದ್ರೆ.

ಈ ಕಾಗದಗಳಿಗೆ ಅರ್ಜ್-ಒ-ಚೆಹ್ರಾ ಎನ್ನುತ್ತಾರೆ. ಮೊಘಲ್ ಮನ್ಸಬ್‌ದಾರರು ಲೆಕ್ಕಕ್ಕೆ ನೂರು ಸವಾರರನ್ನು ತೋರಿಸಿ ಅರವತ್ತು ಮಂದಿಯನ್ನು ಸಾಕುತ್ತಿದ್ದರು. ಹಾಜರಿಯ ದಿನ ಪಕ್ಕದ ದಂಡಿನ ಕುದುರೆಯನ್ನು ಎರವಲು ತಂದು ನಿಲ್ಲಿಸುತ್ತಿದ್ದರು. ಅದಕ್ಕೇ ಸವಾರನ ಚಹರೆ ಬರೆದಿಟ್ಟು ಕುದುರೆಗೆ ಮುದ್ರೆ ಒತ್ತುವ ಪದ್ಧತಿ ಬಂತು. ತಾರ್ನಾಕದ ಮೊಘಲ್ ಕಾಗದಗಳಲ್ಲಿ ಇಂಥವು ರಾಶಿ ರಾಶಿ ಇವೆ. ಇದನ್ನು ಕೇಳಿದ್ದೇ ತಡ, ಮಾಮಾನ ಮುಖದ ಮೇಲಿನ ನಾಚಿಕೆ ಎಲ್ಲಿಗೋ ಓಡಿತು. ಸರ್ಕಾರಿ ಲೆಕ್ಕಪರಿಶೋಧನೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು ಅವನು. ಒಂದೇ ಜೀಪಿಗೆ ಎರಡು ಕಡೆ ಡೀಸೆಲ್ ಬಿಲ್ ಹಾಕಿದವರನ್ನು ಹಿಡಿಯುವುದೇ ಅವನ ಜೀವಮಾನದ ಕಸುಬು. "ಅಂದ್ರ ಇದು ಆಡಿಟ್!" ಎಂದು ಓದುಕೋಣೆ ಎಂಬುದನ್ನೂ ಮರೆತು ಕೂಗಿದ. ತಾನೇ ಆ ವಂಚನೆಯನ್ನು ಪತ್ತೆ ಮಾಡಿದ ಭಂಗಿಯಲ್ಲಿ ಅವನು ಇವತ್ತಿಗೂ ಆ ಕುದುರೆಯ ಕಥೆ ಹೇಳುತ್ತಾನೆ. ಪಂಡಿತನ ವಿಷಯ ಬಿಟ್ಟುಹೋಗುತ್ತದೆ.

ಹುಡುಗಿ ಮಾತ್ರ ಮೂರು ಪುಟ ಟಿಪ್ಪಣಿಯನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದಳು.

ಅವಳನ್ನು ಸಮಾಧಾನಪಡಿಸಲು ಮಾಮಾ ಮಸ್ಕಿಯ ಕಥೆ ಹೇಳಿದ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ರಾಯಚೂರು ಜಿಲ್ಲೆಯಲ್ಲಿ ಚಿನ್ನ ಹುಡುಕುತ್ತಿದ್ದಾಗ ಅಶೋಕನ ಶಾಸನ ಸಿಕ್ಕಿತು. ಅಲ್ಲಿಯವರೆಗೆ ಸಿಕ್ಕ ಅವನ ಶಾಸನಗಳಲ್ಲಿ ಬಿರುದಷ್ಟೇ ಇತ್ತು, ಅವುಗಳಲ್ಲಿ ಅಶೋಕ ಎಂಬ ಹೆಸರು ಮೊದಲು ಕಂಡದ್ದು ಇಲ್ಲಿ. ಆಗಷ್ಟೇ ವರ್ಷ ತುಂಬಿದ್ದ ಹೈದರಾಬಾದಿನ ಪುರಾತತ್ವ ಇಲಾಖೆ, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಸಿದ್ಧಪಡಿಸಿದ್ದನ್ನೇ ತನ್ನ ಮಾಲೆಯ ಮೊದಲ ಪುಸ್ತಕವಾಗಿ ತಂದಿತು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು, ನೋಡು ಎಂದ. "ಬೀಡನ್ ಕಲ್ಲನ್ನ ತಲಿಕೆಳಗ ಓದಲಿಲ್ಲ ಮಾಮಾ" ಎಂದಳು.

ಗಡುವಿನ ಚಿಂತೆಗೆ ಅವನ ಹತ್ತಿರ ಇನ್ನೂ ಒಳ್ಳೆಯ ಉದಾಹರಣೆಯಿತ್ತು. ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ.ಬಿ. ದೇಸಾಯಿಯವರು ಸಂಪಾದಿಸಿದ ದೊಡ್ಡ ಸಂಪುಟ ಅದೇ ಮಾಲೆಯ 18ನೆಯದು. ಅಚ್ಚಾಗಿ ಬಂದದ್ದು 1958ರಲ್ಲಿ. ಅಷ್ಟರಲ್ಲಿ ಹೈದರಾಬಾದ್ ರಾಜ್ಯ ಎಂಬುದೇ ಇರಲಿಲ್ಲ, ಆ ಜಿಲ್ಲೆಗಳು ಮೈಸೂರಿಗೆ ಹೋಗಿ ಎರಡು ವರ್ಷವಾಗಿತ್ತು. ಅಂಥ ವಿದ್ವಾಂಸರ ಪುಸ್ತಕ ಹೊರಬರುವಷ್ಟರಲ್ಲಿ ವಿಷಯದ ರಾಜ್ಯವೇ ಮಾಯವಾಗಬಹುದಾದರೆ, ಎರಡು ಸೆಮಿಸ್ಟರಿನಲ್ಲಿ 12 ಕ್ರೆಡಿಟ್ಟಿನ ಹುಡುಗಿ ಏನು ಮಾಡಿಯಾಳು? ಫಾರ್ಸಿ, ಉರ್ದು, ಕನ್ನಡ, ಇಂಗ್ಲಿಷ್ ನಾಲ್ಕರ ಕಾಗದ ಬೇಕಾಗುವ ಪ್ರದೇಶದ ಇತಿಹಾಸಕ್ಕೆ ಲಿಪಿ ಕಲಿಯಲೂ ಸಾಲದ ಒಂದು ವರ್ಷ ಕೊಡುತ್ತಾರೆ. ಈಗ ಅದನ್ನೂ ಕಿತ್ತುಕೊಂಡಿದ್ದಾರೆ.

ಅವಳಿಗೆ ಕೆಲಸಕ್ಕೆ ಬಂದ ಕಾಗದ ಸಿಕ್ಕಿದ್ದು ಮಾಮಾನ ಅಟ್ಟದ ಟ್ರಂಕಿನಲ್ಲಿ. ಅವನ ತಂದೆಯ ಶಾಲೆಯ ಸರ್ಟಿಫಿಕೇಟು ಟ್ರಂಕಿನ ತಳಕ್ಕೆ ಹಾಸಿಗೆಯಾಗಿ ಬಿದ್ದಿತ್ತು, ಜೊತೆಗೆ ಒಂದು ಕಟ್ಟು ಪತ್ರ. ಎಲ್ಲ ಉರ್ದು. ಭೂತಗನ್ನಡಿಯ ವೃದ್ಧರೇ ಓದಿ ಹೇಳಿದರು. ರಾಯಚೂರು ಕಡೆಯ ಹುಡುಗ ಗಣಿತ, ಭೂಗೋಳ, ಚರಿತ್ರೆ ಎಲ್ಲವನ್ನೂ ಉರ್ದುವಿನಲ್ಲಿ ಓದಿದ್ದ. ರಾಯಚೂರಿನಲ್ಲಿ ಪಂಡಿತ ತಾರಾನಾಥರ ಹಮ್‌ದರ್ದ್ ಶಾಲೆ, ಕಲಬುರಗಿಯಲ್ಲಿ ನೂತನ ವಿದ್ಯಾಲಯ ಆಗಲೇ ಇದ್ದವು, ಆದರೆ ಎಲ್ಲ ಮಕ್ಕಳಿಗೂ ಅವು ಎಟುಕುವಂತಿರಲಿಲ್ಲ. ಪತ್ರಗಳು ಹೆಂಡತಿಗೆ ಬರೆದವು. ಮಾಮಾನ ತಾಯಿಗೆ ಉರ್ದು ಓದಲು ಬರುತ್ತಿರಲಿಲ್ಲ, ಅವಳು ಕಲಿತಿದ್ದು ಮನೆಯಲ್ಲಿ ನಾಲ್ಕು ಅಕ್ಷರ ಕನ್ನಡ. ಅಷ್ಟು ವರ್ಷ ಗಂಡನ ಕಾಗದವನ್ನು ಅವಳಿಗೆ ಯಾರೋ ಪಕ್ಕದ ಮನೆಯವರು ಓದಿ ಹೇಳಿದ್ದಾರೆ. ಮಾಮಾ ಆವತ್ತು ಸಂಜೆ ಕುದುರೆಯ ಕಥೆ ಹೇಳಲಿಲ್ಲ.

ಪ್ರಬಂಧ ಗಡುವಿನೊಳಗೆ ಮುಗಿಯಿತು. ಒಂದು ಜಿಲ್ಲೆ ಒಂದು ಊರಾಗಿ, ಊರು ಒಂದು ಮನೆತನದ ಎರಡು ತಲೆಮಾರಿನ ಶಾಲೆಯಾಗಿ ಕುಗ್ಗಿತು. ಮಾರ್ಗದರ್ಶಕರು, ಇದಕ್ಕಿಂತ ಚಿಕ್ಕ ವಿಷಯ ತೆಗೆದುಕೊಂಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದರು. ಕೃತಜ್ಞತೆಯ ಪುಟದಲ್ಲಿ ಮಾಮಾನ ಹೆಸರಿದೆ, ವೃದ್ಧರ ಹೆಸರಿನ ಕೆಳಗೆ, "ಸಾರಿಗೆ ಮತ್ತು ಚಹಾ" ಎಂಬ ವಿವರಣೆಯೊಡನೆ. ಅವನು ಅದರ ಜೆರಾಕ್ಸ್ ಮಾಡಿಸಿ ಗಚ್ಚಿಬೌಲಿಯ ನೆಂಟನಿಗೂ ಒಂದು ಕಳಿಸಿದ್ದಾನೆ.

2023ರಲ್ಲಿ ಸೇರಿದವರ ನಾಲ್ಕನೆಯ ವರ್ಷ 2026ರಲ್ಲಿ ಶುರುವಾಗುತ್ತದೆ. ಕರ್ನಾಟಕದಲ್ಲಿ ಈ ಬಗೆಯ ಆನರ್ಸ್ ಮಾಡುವ ಕೊನೆಯ ತಂಡ ಅದೇ. ಕಾಚಿಗುಡ, ಬರ್ಕತ್‌ಪುರ, ರಾಯಚೂರು, ಕಲಬುರಗಿ, ಬೀದರಗಳ ಅಟ್ಟಗಳ ಮೇಲೆ ಓದಲು ಬಾರದ ಉರ್ದು, ಮೋಡಿ, ಫಾರ್ಸಿ ಕಾಗದ ಇಟ್ಟುಕೊಂಡವರು ದಯವಿಟ್ಟು ಅದನ್ನು ರದ್ದಿಗೆ ಹಾಕುವ ಮೊದಲು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಒಂದು ಫೋನ್ ಮಾಡಿ. ಆದರೆ ಓದಿ ಹೇಳಲು ಮಾಮಾನನ್ನು ಮಾತ್ರ ಕರೆಯಬೇಡಿ.