ಟಿಕ್ ಅಂದರೆ ಸಾಲ

ತಿರುಮಣಿಯಲ್ಲಿ ಪೆನ್ನು ಟಿಕ್ ಅನ್ನಿಸುವ ಮುಂಚೆ ಜನ ಒಮ್ಮೆ ಆಚೀಚೆ ನೋಡುತ್ತಾರೆ. ಹೊಸದಾಗಿ ಬಂದವರು ಯಾರಾದರೂ ಗೊತ್ತಿಲ್ಲದೆ ಟಿಕ್ ಅನ್ನಿಸಿದರೋ, ಎಲ್ಲೋ ಜಾಲಿ ನೆರಳಲ್ಲಿ ಮಲಗಿದ್ದ ಕರಿಯ ಎದುರಿಗೆ ಹಾಜರು. ಬೊಗಳುವುದಿಲ್ಲ, ಗುರ್ ಅನ್ನುವುದಿಲ್ಲ. ಅಂಡೂರಿ ಕೂತು, ಕಂತು ವಸೂಲಿಗೆ ಬಂದ ಸಂಘದವರ ಹಾಗೆ ಮುಖವನ್ನೇ ನೋಡುತ್ತದೆ. ಅದಕ್ಕೆ ಬರಬೇಕಾದ ಬಾಕಿ ಒಂದೇ ಒಂದು ಕಡ್ಲೆಬೀಜ. ಅದು ಕೈಸೇರುವವರೆಗೆ, ಅಂದರೆ ಬಾಯಿ ಸೇರುವವರೆಗೆ, ಏಳುವ ಮಾತೇ ಇಲ್ಲ.

ಈ ವ್ಯವಹಾರಕ್ಕೆ ಮೂಲಪುರುಷರು ನಮ್ಮ ಮಾವ.

ಹೆಸರು ಬೇಡ. ಅಂಥವರು ಈಗ ನಮ್ಮ ಕಡೆ ಊರಿಗೆ ಹತ್ತು ಜನ ಇದ್ದಾರೆ. ಪಹಣಿಯಲ್ಲಿ ಹೊಲ ಇದೆ, ಹೊಲದಲ್ಲಿ ಬೇಸಾಯ ಇಲ್ಲ. ತಿರುಮಣಿಯೂ ಸೇರಿ ಐದು ಊರುಗಳ ಸುಮಾರು 13,000 ಎಕರೆಯನ್ನು ಸೋಲಾರ್ ಪಾರ್ಕಿಗೆ ಭೋಗ್ಯಕ್ಕೆ ತಗೊಂಡರಲ್ಲ, 2018ರ ಮಾರ್ಚಿನಲ್ಲಿ ‘ಶಕ್ತಿ ಸ್ಥಳ’ ಅಂತ ಉದ್ಘಾಟನೆಯೂ ಆಯಿತಲ್ಲ, ಆಗ ಮಾವನ ಹೊಲವೂ ಹೋಯಿತು. 28 ವರ್ಷದ ಕರಾರು. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಮಳೆ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಜೀವಮಾನವಿಡೀ ಮೋಡ ನೋಡಿ ಕತ್ತು ನೋಯಿಸಿಕೊಂಡ ಪಾವಗಡದ ರೈತನಿಗೆ ಇದು ಕಡಿಮೆ ನೆಮ್ಮದಿಯಲ್ಲ. ಆದರೆ ಬೆಳಿಗ್ಗೆ ಐದಕ್ಕೆ ಎಚ್ಚರಾಗುವ ಅಭ್ಯಾಸವನ್ನು ಯಾರೂ ಭೋಗ್ಯಕ್ಕೆ ತಗೊಳ್ಳಲಿಲ್ಲ. ಎದ್ದು ಮಾಡುವುದೇನು? ಮಾವ ಫೋನು ನೋಡಿದರು. ಫೋನಿನೊಳಗೆ ನಾಯಿ ಇತ್ತು.

ಮೊದಲು ಸಿಕ್ಕ ವಿಡಿಯೋ ಹಳೇ ಸಂಪ್ರದಾಯದ್ದು. ನಾಯಿ ಅಂದರೆ ತೋಳದ ಸಂತತಿ, ತೋಳದ ಗುಂಪಿಗೊಬ್ಬ ಯಜಮಾನ, ಆ ಯಜಮಾನ ನೀವಾಗಬೇಕು, ಬಾಗಿಲಲ್ಲಿ ನೀವು ಮೊದಲು ದಾಟಬೇಕು, ನಾಯಿಗಿಂತ ಮೊದಲು ನೀವು ಉಣ್ಣಬೇಕು. ಮಾವ ಒಂದು ವಾರ ಕರಿಯನಿಗಿಂತ ಮುಂಚೆ ಬಾಗಿಲು ದಾಟಲು ಓಡಾಡಿ ಹೊಸ್ತಿಲು ಎಡವಿದರು. ಕೊರಳಪಟ್ಟಿ ಹಿಡಿದು ನೆಲಕ್ಕೆ ಒತ್ತಲು ಹೋದ ದಿನ ಕರಿಯ ಊರುಬಿಟ್ಟು ಮೂರು ದಿನ ಬೇಲಿಯಾಚೆಯ ಪ್ಯಾನೆಲ್ ನೆರಳಲ್ಲಿ ಕಾಲ ಕಳೆಯಿತು.

ಇನ್ನೊಂದು ವಿಡಿಯೋ ಬಂದು ಅದನ್ನೆಲ್ಲ ಸುಳ್ಳು ಮಾಡಿತು. ಆ ಯಜಮಾನಿಕೆಯ ಮಾತು ಹುಟ್ಟಿದ್ದು 1947ರಲ್ಲಿ, ರುಡಾಲ್ಫ್ ಶೆಂಕೆಲ್ ಎಂಬುವರು ಬೋನಿನಲ್ಲಿದ್ದ ತೋಳಗಳನ್ನು ನೋಡಿ ಬರೆದದ್ದರಿಂದ. ಅಮೆರಿಕದ ಡೇವಿಡ್ ಮೀಚ್ 1970ರ ತಮ್ಮ ಪುಸ್ತಕದಲ್ಲಿ ಅದನ್ನೇ ಊರಿಗೆಲ್ಲ ಹಂಚಿದರು. ಆಮೇಲೆ ಕಾಡಿನ ತೋಳಗಳ ಹಿಂದೆ ವರ್ಷಗಟ್ಟಲೆ ಅಲೆದು, ಗುಂಪು ಅಂದರೆ ಅಪ್ಪ ಅಮ್ಮ ಮರಿಗಳು ಅಷ್ಟೇ, ಅಲ್ಲಿ ಯಜಮಾನಿಕೆಯ ಜಗಳವೇ ಇಲ್ಲ ಅಂತ 1999ರಲ್ಲಿ ಅವರೇ ತಿದ್ದಿದರು. ಇದನ್ನು ಮಾವ ಟೀ ಅಂಗಡಿಯಲ್ಲಿ ದೊಡ್ಡ ಗಂಟಲಲ್ಲಿ ವಿವರಿಸುವಾಗ ಕುರಿಯವನೊಬ್ಬ ಬೀಡಿ ಹಚ್ಚುತ್ತಾ ಕೇಳಿಸಿಕೊಂಡ. ‘ಅದ್ಕೆ ಅಮೆರಿಕದವ್ರು ಬೇಕಾಯ್ತಾ ಸಾಮೀ? ತ್ವಾಳ ಅಂದ್ರೆ ಗಂಡ, ಹೆಂಡ್ತಿ, ಮಕ್ಳು. ನಮ್ಮ ಕುರಿ ಹೊಡೆಯೋಕೆ ಬರೋದೂ ಮನೆಮಂದಿಯೆಲ್ಲ ಸೇರ್ಕೊಂಡೇ’ ಅಂದ. ಮಾವ ಆವತ್ತು ಟೀ ಅರ್ಧಕ್ಕೇ ಬಿಟ್ಟು ಎದ್ದರು.

ಅಲ್ಲಿಂದ ಮುಂದೆ ಅವರು ‘ಪಾಸಿಟಿವ್’ ಆದರು. ಹೊಡೆಯಬಾರದು, ಎಳೆಯಬಾರದು, ಗದರಬಾರದು. ನಾಯಿ ತಪ್ಪು ಮಾಡಿದ್ದನ್ನು ಹುಡುಕಬಾರದು, ಸರಿ ಮಾಡಿದ್ದನ್ನು ಕಾಯ್ದು ಹಿಡಿಯಬೇಕು, ಹಿಡಿದ ಕೂಡಲೇ ಕೂಲಿ ಕೊಡಬೇಕು. ತಡವಾಯಿತೋ, ಕೂಲಿ ಯಾತಕ್ಕೆ ಬಂತು ಅನ್ನುವುದೇ ನಾಯಿಗೆ ತಿಳಿಯುವುದಿಲ್ಲ. ಕೂತದ್ದಕ್ಕೆ ಕೊಡಬೇಕೆಂದು ಜೇಬು ತಡಕುವಷ್ಟರಲ್ಲಿ ಅದು ಎದ್ದು ತುರಿಸಿಕೊಂಡಿರುತ್ತದೆ. ಕೊಟ್ಟ ಬೀಜ ತುರಿಕೆಯ ಲೆಕ್ಕಕ್ಕೆ ಜಮಾ. ಅದಕ್ಕೇ ಟಿಕ್ ಅನ್ನುವ ಒಂದು ಸಣ್ಣ ಯಂತ್ರ ಇಟ್ಟುಕೊಳ್ಳುತ್ತಾರಂತೆ. ಅಂಡು ನೆಲಕ್ಕೆ ತಾಗಿದ ಗಳಿಗೆಗೇ ಟಿಕ್. ಟಿಕ್ ಅಂದರೆ ‘ಇದಕ್ಕೇ ಕೊಡ್ತೀನಿ’ ಅಂತ ಬರೆದುಕೊಟ್ಟ ಚೀಟಿ. ಬೀಜ ಆಮೇಲೆ ಸಾವಕಾಶ ಬಂದರೂ ನಡೆಯುತ್ತದೆ, ಆದರೆ ಬರಲೇಬೇಕು. ಯಂತ್ರ ನಮ್ಮೂರಲ್ಲೆಲ್ಲಿ ಸಿಗಬೇಕು? ಮಾವ ಐದು ರೂಪಾಯಿಯ ಪೆನ್ನು ತಂದರು.

ಕಡ್ಲೆಬೀಜವನ್ನೂ ತಂದರು, ಅಂಗಡಿಯಿಂದ. ಮೂಟೆಗಟ್ಟಲೆ ಕಡ್ಲೆಕಾಯಿ ಬೆಳೆದ ಮನುಷ್ಯ ಕಾಲು ಕೆಜಿ ಬೀಜವನ್ನು ಪೊಟ್ಟಣ ಕಟ್ಟಿಸಿಕೊಂಡು ಬಂದದ್ದು ನೋಡಿ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕರು. ನಗುವಿನಂತೆ ಕಂಡಿತು, ಅಷ್ಟು ಹೇಳಬಲ್ಲೆ. ಬೀಜ ಹುರಿಯಬೇಕು, ಉಪ್ಪು ಹಾಕಬಾರದು. ‘ನಂಗೆ ಬೀಪಿ ಅಂತ ಡಾಕ್ಟ್ರು ಉಪ್ಪು ಬಿಡು ಅಂದಾಗ ಬಿಡಲಿಲ್ಲ, ನಾಯಿಗೆ ಬಿಡಿಸವ್ರೆ’ ಅಂದರು ಅತ್ತೆ.

ಪಾಠದ ಭಾಷೆ ಯಾವುದು ಅನ್ನುವುದು ಇನ್ನೊಂದು ರಗಳೆ. ನಮ್ಮೂರ ನಾಯಿಗೆ ಬಾ ಅನ್ನುವುದೂ ಗೊತ್ತು, ರಾ ಅನ್ನುವುದೂ ಗೊತ್ತು. ವಿಡಿಯೋದವರು ಸಿಟ್ ಅನ್ನುತ್ತಾರೆ. ಮಾವ ಸಿಟ್ ಅಂದರು, ಕೂತ್ಕೊ ಅಂದರು, ಕೂಚೋ ಅಂದರು. ಮೂರು ಭಾಷೆಗೂ ಕರಿಯ ನಿಂತೇ ಇತ್ತು. ಕೊನೆಗೆ ಸುಮ್ಮನಾಗಿ ಬೀಜ ಹಿಡಿದ ಕೈಯನ್ನು ಅದರ ಮೂಗಿನ ಮೇಲಿಂದ ಹಿಂದಕ್ಕೆ ಒಯ್ದರು. ಮೂಗು ಮೇಲೆದ್ದಿತು, ಅಂಡು ತಾನಾಗಿ ಕೆಳಗಿಳಿಯಿತು. ಟಿಕ್! ಮಾವ ಆ ದಿನ ಸಿಕ್ಕಸಿಕ್ಕವರಿಗೆಲ್ಲ ಟೀ ಕುಡಿಸಿದರು. ನಾಯಿ ಮಾತಿಗಿಂತ ಮೈಯನ್ನು ಚೆನ್ನಾಗಿ ಓದುತ್ತದೆ ಅನ್ನುವುದು ಅವರ ಅಂದಿನ ಉಪನ್ಯಾಸ. ಪಾವ್ಲೋವ್ ಕೂಡ ಬಂದರು. ರಷ್ಯಾದ ಆ ಮಹಾನುಭಾವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಊಟದ ಸುಳಿವು ಸಿಕ್ಕರೇ ನಾಯಿ ಜೊಲ್ಲು ಸುರಿಸುತ್ತದೆ ಅನ್ನುವುದು ಆ ಕೆಲಸದ ನಡುವೆ ಸಿಕ್ಕ ಲಾಭ. ‘ನಾನು ಲೋಟ ಕುಟ್ಟಿದ್ರೆ ನೀವೂ ಹಂಗೇ ಎದ್ದು ಬರ್ತೀರಲ್ಲ’ ಅಂದ ಟೀ ಅಂಗಡಿಯವನು.

ನಾಯಿಯ ಮೈಭಾಷೆ ತೋರಿಸುವ ಉತ್ಸಾಹದಲ್ಲಿ ಮಾವ ಒಂದು ಸಂಜೆ ಅಂಗಳದಲ್ಲಿ ಮುಂಗೈ ಊರಿ, ಹಿಂಭಾಗ ಎತ್ತಿ ಬಗ್ಗಿದರು. ನಾಯಿ ಹೀಗೆ ಬಗ್ಗಿದರೆ ‘ಆಟಕ್ಕೆ ಬಾ’ ಅಂತ ಅರ್ಥ. ಕರಿಯ ದಂಗಾಗಿ ನೋಡುತ್ತಿತ್ತು. ಒಳಗಿಂದ ಬಂದ ಅಜ್ಜಿ, ‘ಗೊರವಯ್ಯನ ದೀಕ್ಷೆ ಯಾವಾಗ ತಗೊಂಡ್ಯೋ? ದೋಣಿ ಎಲ್ಲೋ?’ ಅಂದರು. ಮೈಲಾರಲಿಂಗನ ಗೊರವರು ನಾಯಿಯಂತೆ ಬೊಗಳುತ್ತಾ ಊಟದ ದೋಣಿಗೆ ಬಾಯಿ ಹಾಕುವುದನ್ನು ಕಂಡವರು ಅವರು.

ಪಾಸಿಟಿವ್ ಅಂತ ಇಷ್ಟೆಲ್ಲ ಕುಣಿಯುವ ಮನುಷ್ಯ ಮಗನ ಜೊತೆ ಫೋನಿನಲ್ಲಿ ಮಾತಾಡುವುದನ್ನು ನೀವು ಕೇಳಬೇಕು. ‘ದಂಡಪಿಂಡ, ದಿನಕ್ಕೊಂದು ಕೆಲಸ ಬಿಡು, ಬೈಕಿನ ಕಂತು ನಾನು ಕಟ್ತೀನಿ’ ಅನ್ನುವುದು ಬೀದಿಗೆ ಕೇಳುತ್ತದೆ. ‘ಅವನಿಗೆ ಯಾಕಿಲ್ಲ ಮಾವ, ಟಿಕ್ಕು?’ ಅಂದೆ. ‘ಅಳಿಯಾ, ನಾಯಿಗೆ ಬೀಜ ಜೇಬಲ್ಲಿ ಐತೆ ಅಂತ ಗೊತ್ತು, ತೆಗೆಯೋಕೆ ಬರಲ್ಲ. ನನ್ನ ಮಗನಿಗೆ ಎರಡೂ ಗೊತ್ತು’ ಅಂದರು.

ನಕ್ಕು ಬಿಟ್ಟುಬಿಡಬಹುದಾಗಿತ್ತು, ಆಂಜನೇಯನ ಗುಡಿ ಮುಂದಿನ ಆ ಒಂದು ಬೆಳಿಗ್ಗೆ ಇರದಿದ್ದರೆ. ಪುಟ್ಟ ಹುಡುಗಿಯೊಬ್ಬಳು ಕಟ್ಟೆಯ ಮೇಲಿದ್ದ ಇನ್ಯಾವುದೋ ನಾಯಿಯ ಕೊರಳನ್ನು ತಬ್ಬಿಕೊಂಡಿದ್ದಳು. ಬಾಲ ಆಡುತ್ತಿತ್ತು, ತಾಯಿ ಫೋಟೋ ತೆಗೆಯುತ್ತಿದ್ದಳು, ನಾವೆಲ್ಲ ಮುದ್ದಾಗಿದೆ ಅಂದುಕೊಂಡೆವು. ಮಾವನ ಮುಖ ಮಾತ್ರ ಬದಲಾಯಿತು. ‘ಬಾಲ ಬಿಡು, ಮೋರೆ ನೋಡು’ ಅಂದರು ಮೆಲ್ಲಗೆ. ನಾಯಿ ಕತ್ತನ್ನು ಆಚೆ ತಿರುಗಿಸಿತ್ತು. ನಾಲಿಗೆ ಸರಕ್ಕನೆ ಮೂಗು ಸವರಿ ಒಳಗೆ ಹೋಯಿತು. ನಿದ್ದೆಯ ಹೊತ್ತಲ್ಲ, ಆದರೂ ಆಕಳಿಸಿತು. ಕಣ್ಣಂಚಿನ ಬಿಳಿ ಕಾಣುತ್ತಿತ್ತು. ಬಾಯಿ ಮುಚ್ಚಿ, ಮೈ ಮರಗಟ್ಟಿತು. ಮಾವ ಕೂಗಲಿಲ್ಲ, ಓಡಲಿಲ್ಲ. ಪಕ್ಕಕ್ಕೆ ಹೋಗಿ ಮೂರು ಬೀಜ ನೆಲಕ್ಕೆ ಚೆಲ್ಲಿದರು. ನಾಯಿ ಕೊರಳು ನುಣುಚಿಸಿಕೊಂಡು ಕಟ್ಟೆಯಿಂದಿಳಿಯಿತು. ‘ಪಾಪು, ಅದು ಬೇಡ ಬೇಡ ಅಂತ ನಾಲ್ಕು ಸಲ ಹೇಳ್ತು, ಕೇಳಿಸಲಿಲ್ವಾ?’ ಅಂತ ಹುಡುಗಿಯ ಕೈಗೂ ಎರಡು ಬೀಜ ಕೊಟ್ಟರು. ತಾಯಿಯ ಫೋಟೋಗೆ ನಾಯಿ ಸಿಕ್ಕಲಿಲ್ಲ, ಆಕೆ ಮಾವನನ್ನು ದುರುಗುಟ್ಟಿ ನೋಡಿದಳು. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆಯನ್ನು ಪೂರಾ ನಂಬಿದವರಿಗೆ ಬೊಗಳದೆ ಕಚ್ಚುವ ನಾಯಿಯ ಮುನ್ಸೂಚನೆ ಕಾಣುವುದಿಲ್ಲ. ಅಷ್ಟನ್ನು ನಾನು ಆ ಕಟ್ಟೆಯ ಮುಂದೆ ಕಲಿತೆ.

ಮಾವ ಈಗ ಟಿಕ್ ಕಡಿಮೆ ಮಾಡಿದ್ದಾರೆ. ಕಲಿತ ಮೇಲೆ ಪ್ರತಿ ಸಲವೂ ಕೊಡಬೇಕಿಲ್ಲವಂತೆ, ಯಾವಾಗ ಸಿಗುತ್ತದೋ ಗೊತ್ತಿಲ್ಲದಿದ್ದರೆ ನಾಯಿ ಇನ್ನೂ ಚುರುಕಾಗುತ್ತದಂತೆ. ‘ಇಸ್ಪೀಟಿಗೆ ಕೂತೋರು ಯಾಕೆ ಏಳಲ್ಲ ಹೇಳು?’ ಅನ್ನುತ್ತಾರೆ. ಆದರೆ ಊರಿನ ಪೆನ್ನುಗಳು ಇದನ್ನೆಲ್ಲ ಕೇಳಬೇಕಲ್ಲ. ಕರಿಯನ ಪಾಲಿಗೆ ಟಿಕ್ ಅನ್ನಿಸಿದವರೆಲ್ಲ ಸಾಲಗಾರರು. ಶಾಲೆಯ ಪರೀಕ್ಷೆಗೆ ಈಗ ಮುಚ್ಚಳದ ಪೆನ್ನು ತರಬೇಕೆಂದು ಮೇಷ್ಟ್ರು ಹೇಳಿದ್ದಾರೆ.

ಸೋಲಾರ್ ನೋಡಲು ನೀವು ತಿರುಮಣಿಗೆ ಬರುವುದಾದರೆ ಬನ್ನಿ, 2,050 ಮೆಗಾವ್ಯಾಟ್, ನೋಡುವಂಥದ್ದೇ. ಪೆನ್ನು ತಂದರೆ ಜೇಬಿನಲ್ಲಿ ನಾಲ್ಕು ಹುರಿದ ಕಡ್ಲೆಬೀಜವೂ ಇರಲಿ. ಉಪ್ಪಿಲ್ಲದ್ದು.