ಉಳಿದರ್ಧ ನಮ್ಮದು

ನೌಕರಿಯಿಂದ ನಿವೃತ್ತನಾದ ಗಂಡಸಿಗೆ ನಮ್ಮ ಇಂಡಿಯಲ್ಲಿ ಮೂರು ದಾರಿ: ಲಿಂಬೆ ತೋಟ, ಗುಡಿಯ ಕಟ್ಟೆ, ಇಲ್ಲವೇ ಮೊಮ್ಮಕ್ಕಳ ಶಾಲೆಯ ಗೇಟು. ತೋಟ ನನಗಿಲ್ಲ. ಕಟ್ಟೆಯ ಮೇಲೆ ಕೂರಬೇಕಾದರೆ ರಾಜಕೀಯದಲ್ಲಿ ಒಂದು ಕಡೆ ಗಟ್ಟಿಯಾಗಿ ನಿಲ್ಲಬೇಕು. ನಾನು ನೌಕರಿಯುದ್ದಕ್ಕೂ ಎರಡೂ ಕಡೆಯವರಿಗೆ ನಮಸ್ಕಾರ ಹಾಕಿ ಬದುಕಿದವನು. ಮೊಮ್ಮಕ್ಕಳು ಪುಣೆಯಲ್ಲಿದ್ದಾರೆ. ಹೀಗಾಗಿ ನಾನು ಚಾಕು ಹಿಡಿದೆ. ಈ ಮಾತು ಹೇಳಿದ ಕೂಡಲೇ ‘ಕಟ್ಟಿಗೆ ಕೆತ್ತಲಿಕ್ಕೆ’ ಎಂದು ಸೇರಿಸುತ್ತೇನೆ. ಭೀಮಾ ತೀರದ ತಾಲೂಕಿನಲ್ಲಿ ಚಾಕುವಿನ ವಿಷಯ ಬಂದಾಗ ವಿವರಣೆಯನ್ನು ತಡಮಾಡದೆ ಕೊಡುವುದು ಕ್ಷೇಮ.

ಕೆತ್ತನೆಯ ಹವ್ಯಾಸಿಗಳಿಗಾಗಿ ಬ್ಲ್ಯಾಂಕ್ ಎಂಬ ಸಾಮಾನು ಸಿಗುತ್ತದೆ. ಮುಕ್ಕಾಲು ಪಾಲು ಆಕಾರ ಬಂದಿರುವ ಕಟ್ಟಿಗೆಯ ತುಂಡು. ಅದರಲ್ಲಿ ಎರಡು ಬಗೆ. ಒಂದು, ಬ್ಯಾಂಡ್ ಸಾ ಯಂತ್ರದಲ್ಲಿ ಗೆರೆಯ ಗುಂಟ ಕೊಯ್ದದ್ದು. ಪಕ್ಕದಿಂದ ನೋಡಿದರೆ ಬಾತುಕೋಳಿ, ಎದುರಿನಿಂದ ನೋಡಿದರೆ ಹಲಗೆ. ಇನ್ನೊಂದು, ನಕಲು ತೆಗೆಯುವ ಯಂತ್ರದಲ್ಲಿ ಎಲ್ಲ ಮಗ್ಗುಲಿಂದಲೂ ಉರುಟು ಮಾಡಿದ್ದು. ತಲೆ ಇದೆ, ಕಣ್ಣಿಲ್ಲ. ಬಾಲ ಇದೆ, ಗರಿಯಿಲ್ಲ. ಈ ಎರಡನೆಯದರ ಮೂಲಪುರುಷ ಅಮೆರಿಕದ ಥಾಮಸ್ ಬ್ಲಾಂಚರ್ಡ್. 1819ರಲ್ಲಿ ಅವನು ಪೇಟೆಂಟ್ ಪಡೆದ ಯಂತ್ರದಲ್ಲಿ ಒಂದು ಗಾಲಿ ಮಾದರಿಯ ಮೈ ಸವರುತ್ತ ಹೋದರೆ, ಇನ್ನೊಂದು ಕತ್ತರಿಸುವ ಗಾಲಿ ಕಟ್ಟಿಗೆಯಲ್ಲಿ ಅದೇ ಉಬ್ಬುತಗ್ಗು ತೆಗೆಯುತ್ತಿತ್ತು. ಬಂದೂಕಿನ ಹಿಂಬದಿಯ ಕಟ್ಟಿಗೆ ಮಾಡಲೆಂದು ಹುಟ್ಟಿದ ಆ ಯಂತ್ರ ಆಮೇಲೆ ಬೂಟಿನ ಅಚ್ಚು ಮಾಡಿತು, ಕೊಡಲಿಯ ಕಾವು ಮಾಡಿತು. ಈಗ ಅದರ ಮರಿಮಕ್ಕಳು ನನ್ನಂಥ ನಿವೃತ್ತರಿಗಾಗಿ ಬಾತುಕೋಳಿ ಮಾಡುತ್ತಿವೆ. ಬಂದೂಕಿನಿಂದ ಬಾತುಕೋಳಿಗೆ ಬಂದದ್ದು ಮನುಷ್ಯಕುಲದ ದೊಡ್ಡ ಪ್ರಗತಿ ಎಂದು ನಾನು ಹೇಳಿದೆ. ಕೊರಿಯರಿನ ಬಿಲ್ಲು ಹಿಡಿದು ನಿಂತಿದ್ದ ಹೆಂಡತಿ ಒಪ್ಪಲಿಲ್ಲ.

ಈ ತುಂಡುಗಳು ಹೆಚ್ಚಾಗಿ ಬಾಸ್‌ವುಡ್ ಎಂಬ ಮರದವು. ಬೆಳ್ಳಗೆ, ಮೆತ್ತಗೆ, ಚಾಕು ಯಾವ ಕಡೆ ಹೊರಟರೂ ತಕರಾರು ಕಡಿಮೆ. ನಮ್ಮ ಎರೆಮಣ್ಣಿನ ಕರಿಜಾಲಿಗೆ ಇಂಥ ಸೌಜನ್ಯ ಗೊತ್ತಿಲ್ಲ. ಅದು ಚಕ್ಕಡಿಯ ಗಾಲಿಗೆ, ರಂಟೆಗೆ, ಕುಂಟೆಗೆ ಹುಟ್ಟಿದ ಮರ. ನನ್ನ ಗೇಣುದ್ದದ ಚಾಕುವಿಗೆ ಅದು ಕ್ಯಾರೇ ಎನ್ನಲಿಲ್ಲ. ಬದಲಿಗೆ ಚಾಕುವಿನ ತುದಿಯನ್ನೇ ಕೆತ್ತಿ ಕೊಟ್ಟಿತು. ಬೊಂಬೆ ಮಾಡುವವರು ಈ ಸತ್ಯವನ್ನು ಎಂದೋ ಅರಿತಿದ್ದಾರೆ. ಚನ್ನಪಟ್ಟಣದವರು ಹಾಲೆ ಮರ ಹಿಡಿದರು. ಕೊಪ್ಪಳದ ಬಳಿಯ ಕಿನ್ನಾಳದವರು ಹಗುರ ಮರದಲ್ಲಿ ಬೊಂಬೆಯ ಅಂಗಾಂಗಗಳನ್ನು ಬೇರೆ ಬೇರೆ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸಿದರು. ಆದ್ದರಿಂದ ಮೆದು ಕಟ್ಟಿಗೆ ಹುಡುಕುವುದು ಸೋಮಾರಿತನವಲ್ಲ, ಪರಂಪರೆ.

ಮೊದಲ ಬಾತುಕೋಳಿ ಸಿಂದಗಿಯ ಬೀಗರಿಗೆ ಹೋಯಿತು. ಇಂಡಿಯವರು ಬೀಗರ ಮನೆಗೆ ಹೊರಟರೆ ಕೈಯಲ್ಲಿ ಲಿಂಬೆಹಣ್ಣಿನ ಚೀಲ ಇರಲೇಬೇಕು. ಇಂಡಿ ಲಿಂಬೆಗೆ ಜಿಐ ಮಾನ್ಯತೆ ಬಂದ ಮೇಲಂತೂ ಬೀಗರ ನಿರೀಕ್ಷೆಗೂ ಮಾನ್ಯತೆ ಬಂದಿದೆ. ಚೀಲದ ಜಾಗದಲ್ಲಿ ಹಕ್ಕಿ ಇಳಿದಾಗ ಬೀಗರು ಒಂದು ಕ್ಷಣ ನನ್ನ ಹಿಂದೆ ಇನ್ನೇನಾದರೂ ಬರುತ್ತದೇನೋ ಎಂದು ಬಾಗಿಲತ್ತ ನೋಡಿದರು.

“ಪೂರ್ತಿ ನೀವ ಮಾಡೀರೇನ್ರಿ?”

“ಆಕಾರ ಮೊದಲ ಬಂದಿತ್ತರಿ. ಕಣ್ಣು, ಚುಂಚು, ರೆಕ್ಕಿ ನಾ ತಗದೇನಿ.”

ಬೀಗರು ಹಕ್ಕಿಯನ್ನು ತಿರುಗಿಸಿ ತಳ ನೋಡಿದರು, ತೂಗಿ ನೋಡಿದರು. “ಅಲ್ರೀ, ಇಷ್ಟೆಲ್ಲಾ ಮಾಡಿದ ಪುಣ್ಯಾತ್ಮಗ ಉಳಿದದ್ದ ಮಾಡಾಕ ಏನ ಬ್ಯಾನಿ ಬಂದಿತ್ತು?”

ಇದಕ್ಕೆ ಉತ್ತರ ಬೀಗರ ಪಡಸಾಲೆಯಲ್ಲಿ ಹೊಳೆಯಲಿಲ್ಲ, ಇಂಡಿ ಬಸ್ಸಿನಲ್ಲಿ ಹೊಳೆಯಿತು. ಅರ್ಧ ಮಾಡಿದ್ದನ್ನು ಹಂಗಿಸುವುದು ನಮ್ಮ ಜಿಲ್ಲೆಯವರಿಗೆ ಶೋಭಿಸುವುದಿಲ್ಲ. ವಿಜಯಪುರದಲ್ಲಿ ಬಾರಾಕಮಾನ್ ನಿಂತಿದೆ. ಎರಡನೆಯ ಅಲಿ ಆದಿಲ್‌ಶಾಹ ತನಗೆಂದು ಎಬ್ಬಿಸಲು ಹೊರಟಿದ್ದ ಗೋರಿ. 1672ರಲ್ಲಿ ಅವನು ತೀರಿಕೊಂಡ, ಕೆಲಸ ಕಮಾನುಗಳ ಮಟ್ಟಕ್ಕೇ ನಿಂತಿತು. ಮೂರೂವರೆ ಶತಮಾನದಿಂದ ಆಕಾಶ ನೋಡುತ್ತ ನಿಂತಿರುವ ಈ ಬ್ಲ್ಯಾಂಕಿನ ಮುಂದೆ ಜನ ಬಗೆಬಗೆಯಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಉಳಿದದ್ದು ಮಾಡಲು ಏನು ಬ್ಯಾನಿ ಎಂದು ಯಾರೂ ಕೇಳುವುದಿಲ್ಲ.

ಅರಮನೆಯ ಮಾತು ಬಿಡೋಣ, ಮನೆಯದನ್ನೇ ನೋಡೋಣ. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರ ಮನೆಯಿಂದ ಎತ್ತಿನ ಜೋಡಿ ಬರುತ್ತದೆ. ಮೈಗೆ ಸುಣ್ಣ, ಕೋಡಿಗೆ ಬಣ್ಣ, ಕೊರಳಿಗೆ ಸರ ನಮ್ಮ ಮನೆಯಲ್ಲಿ. ಜಗುಲಿಯ ಮೇಲೆ ಕುಳಿತ ಮೇಲೆ ಅವು ‘ನಮ್ಮನಿ ಎತ್ತು’. ಕೂರಿಗೆಯ ಕಥೆಯೂ ಇದೇ. ಬಡಿಗೇರರು ಕಟ್ಟಿಗೆ ಕೆಲಸ ಮಾಡಿದರು, ಕಂಬಾರರು ಕಬ್ಬಿಣ ಬಡಿದರು, ಎತ್ತು ಎಳೆದವು. ರಾಶಿ ಮಾತ್ರ ರೈತನ ಹೆಸರಿಗೆ ಬಿತ್ತು. ಹೀಗೆ ನಾಡಿಗೆ ನಾಡೇ ಒಬ್ಬರು ತೊಡಗಿದ್ದನ್ನು ಇನ್ನೊಬ್ಬರು ಮುಗಿಸಿ ಬದುಕುತ್ತಿರುವಾಗ, ಒಂದು ಬಾತುಕೋಳಿಯ ಮೇಲೆ ಮಾತ್ರ ಲೆಕ್ಕಪರಿಶೋಧನೆ ಯಾಕೆ?

ಬ್ಲ್ಯಾಂಕ್ ಕೊಂಡವನಿಗೆ ಕೆಲಸ ಉಳಿದೇ ಇರುವುದಿಲ್ಲ ಎಂದು ತಿಳಿಯುವವರು ಚಾಕು ಹಿಡಿದು ನೋಡಬೇಕು. ಯಂತ್ರ ತೆಗೆದು ಹಾಕುವುದು ಯಾರು ಬೇಕಾದರೂ ತೆಗೆಯಬಹುದಾದ ಕಟ್ಟಿಗೆಯನ್ನು. ಕೆಡಲು ಅವಕಾಶ ಇರುವ ಜಾಗಗಳನ್ನೆಲ್ಲ ಅದು ಜಾಣತನದಿಂದ ನಮಗೇ ಬಿಟ್ಟಿರುತ್ತದೆ. ಎಳೆಯ ಇಳಿಜಾರು ನೋಡಿ ಸಿಪ್ಪೆ ತೆಗೆಯಬೇಕು. ಎದುರು ಹೊರಟರೆ ಚಾಕು ಒಳಗೆ ಹೊಕ್ಕು ಚಕ್ಕೆ ಕೀಳುತ್ತದೆ. ಎಡ ಮತ್ತು ಬಲ ಕಣ್ಣು ಒಂದೇ ಮಟ್ಟಕ್ಕೆ ಬರುವ ತನಕ ಇದನ್ನಿಷ್ಟು, ಅದನ್ನಿಷ್ಟು ತೆಗೆಯುತ್ತ ಹೋದರೆ ಬಾತುಕೋಳಿ ಗುಬ್ಬಿಯ ವಯಸ್ಸಿಗೆ ಇಳಿಯುತ್ತದೆ. ಹೆಬ್ಬೆರಳಿಗೆ ಚರ್ಮದ ಕವಚ ಹಾಕಬೇಕು, ಆಗಾಗ ಚರ್ಮದ ಪಟ್ಟಿಯ ಮೇಲೆ ಚಾಕು ತಿಕ್ಕಬೇಕು. ಬಿದ್ದ ಸಿಪ್ಪೆಯನ್ನು ಹೆಂಡತಿ ಕಸಬರಿಗೆ ಹಿಡಿದು ಬರುವ ಮೊದಲೇ ಬಳಿಯಬೇಕು.

ಮುದ್ದೇಬಿಹಾಳದ ತಂಗಿಗೆ ಚಮಚದ ಬ್ಲ್ಯಾಂಕ್ ಕೆತ್ತಿದೆ. ಲಿಂಬೆಕಾಯಿಯ ಉಪ್ಪಿನಕಾಯಿಗೆ ಕಟ್ಟಿಗೆಯ ಚಮಚವೇ ಸರಿ, ಹುಳಿ ಮತ್ತು ಉಪ್ಪು ಲೋಹವನ್ನು ತಿನ್ನುತ್ತವೆ ಎಂಬ ಶಾಸ್ತ್ರವನ್ನೂ ಜೊತೆಗೆ ಕಳಿಸಿದೆ. ಇಂಥ ಕೆಲಸಕ್ಕೆ ಕೊನೆಯಲ್ಲಿ ಎಣ್ಣೆ ಹಚ್ಚಬೇಕು, ಅದೂ ಒಣಗುವ ಎಣ್ಣೆ. ಹೊರದೇಶದ ಕೆತ್ತನೆಗಾರರು ಡಬ್ಬಿಯಲ್ಲಿ ತರಿಸುವ ಲಿನ್ಸೀಡ್ ಎಂದರೆ ನಮ್ಮ ಅಗಸಿ ಎಣ್ಣೆ. ಗಾಳಿಗೆ ಗಟ್ಟಿಯಾಗಿ ತೆಳು ಪದರ ಕಟ್ಟುತ್ತದೆ. ಕುಸುಬಿ ಎಣ್ಣೆಯೂ ಅದೇ ಜಾತಿ, ಸ್ವಲ್ಪ ನಿಧಾನ. ಶೇಂಗಾ ಎಣ್ಣೆ ಮಾತ್ರ ಎಷ್ಟು ದಿನವಾದರೂ ಜಿಡ್ಡಾಗಿಯೇ ಇರುತ್ತದೆ. ಇದನ್ನು ಅಡುಗೆಮನೆಯಲ್ಲಿ ವಿವರಿಸುತ್ತ ಕುಸುಬಿ ಎಣ್ಣೆಯ ಡಬ್ಬಿಗೆ ಕೈ ಹಾಕಿದೆ. “ಹಿಂಡಿ ಚಟ್ನಿಗಿ ಎಣ್ಣಿ ಅಂದ್ರ ಬಿ.ಪಿ. ಅಂತೀರಿ, ಚಮಚಕ್ಕ ಬಿ.ಪಿ. ಬರೂದಿಲ್ಲೇನು?” ಎಂಬ ದನಿ ಬಂತು. ತಂಗಿ ಚಮಚ ನೋಡಿ ಫೋನು ಮಾಡಿದಳು: “ಅಣ್ಣಾ, ಭಾಳ ಚಂದ ಐತಿ. ಬಳಸಿದ್ರ ಕೆಡ್ತೈತಂತ ಟ್ರೆಜರಿಯೊಳಗ ಇಟ್ಟೀನಿ.”

ಬಸವನ ಬಾಗೇವಾಡಿಯ ಗೆಳೆಯನಿಗೆ ಏನು ಕೊಡಬೇಕೆಂಬುದರಲ್ಲಿ ಅನುಮಾನವಿರಲಿಲ್ಲ. ಬಸವಣ್ಣನವರ ಊರು, ನಂದಿಯ ಊರು, ಗೆಳೆಯನೋ ಖಿಲಾರಿ ಎತ್ತು ಕಟ್ಟಿದ ಒಕ್ಕಲಿಗ. ಬ್ಲ್ಯಾಂಕುಗಳ ಪಟ್ಟಿ ತೆಗೆದು ಹುಡುಕಿದೆ: ಕರಡಿ, ತೋಳ, ಮೀನು, ಕ್ರಿಸ್ಮಸ್ ತಾತ. ಕೊನೆಗೆ ಒಂದು ಎತ್ತು ಕಂಡಿತು, ಅದಕ್ಕೆ ಹಿಣಿಲೇ ಇರಲಿಲ್ಲ. ಯುರೋಪಿನ ದನಗಳ ತಳಿಯೇ ಹಾಗೆ, ಬೆನ್ನು ಸಪಾಟು. ಹಿಣಿಲಿಲ್ಲದ ಎತ್ತಿನ ಮೇಲೆ ನೊಗ ಹೇಗೆ ನಿಲ್ಲುತ್ತದೆ ಎಂದು ಗೆಳೆಯ ಕೇಳಿದರೆ ನಾನು ಅಮೆರಿಕದ ಪರವಾಗಿ ಏನು ಹೇಳಲಿ? ಇಲ್ಲದ ಹಿಣಿಲನ್ನು ಕೆತ್ತಿ ತರುವ ವಿದ್ಯೆ ಯಾರಲ್ಲೂ ಇಲ್ಲ. ಕೆತ್ತನೆಯಲ್ಲಿ ಕಳೆಯಲು ಬರುತ್ತದೆ, ಕೂಡಿಸಲು ಬರುವುದಿಲ್ಲ. ಸಿದ್ಧ ತುಂಡಿನ ನಿಜವಾದ ಕೊರತೆ ಅರ್ಧ ಕೆಲಸ ಆಗಿರುವುದಲ್ಲ. ಆ ಅರ್ಧವನ್ನು ನಮ್ಮನ್ನು ಕೇಳದೆ ಮಾಡಿರುವುದು.

ಊರ ಬಡಿಗೇರ ಕಾಕಾನ ಹತ್ತಿರ ಹೋದೆ. ಹಿಂದೆ ರೈತರಿಗೆ ವರ್ಷವಿಡೀ ಕುಂಟೆ, ಕೂರಿಗೆ ಮಾಡಿಕೊಟ್ಟು ಸುಗ್ಗಿಯಲ್ಲಿ ಆಯದ ಜೋಳ ತರುತ್ತಿದ್ದ ಮನೆತನ. ಈಗ ಬಾಗಿಲು, ಚೌಕಟ್ಟು, ಒಂದು ಬ್ಯಾಂಡ್ ಸಾ. ಕಾಕಾ ಯಂತ್ರ ಮುಟ್ಟುವ ಮೊದಲು ಪ್ರಶ್ನೆ ಶುರು ಮಾಡಿದ. “ನಿಂತದ್ದೋ ಕುಂತದ್ದೋ? ಯಾ ಕಡೆ ನೋಡಬೇಕು? ಕೋಡು ಹಿಂದಕ ಬಾಗಿರಬೇಕೋ ಹ್ಯಾಂಗ?” ಬ್ಲಾಂಚರ್ಡ್‌ನ ಯಂತ್ರ ಇನ್ನೂರು ವರ್ಷದಲ್ಲಿ ಇಂಥ ಒಂದು ಮಾತನ್ನೂ ಯಾರಿಗೂ ಕೇಳಿಲ್ಲ.

ಒಣಗಿದ ಬೇವಿನ ತುಂಡು ತೆಗೆದ. ಪುರಿಯ ಜಗನ್ನಾಥನಿಗೇ ಬೇವು ನಡೆಯುತ್ತದೆ, ಬಾಗೇವಾಡಿಯ ಎತ್ತಿಗೆ ನಡೆಯದೇ? ಮೊದಲು ಪಕ್ಕದ ಗೆರೆಯ ಗುಂಟ ಕೊಯ್ದ. ಬಿದ್ದ ಚೂರುಗಳನ್ನು ಮತ್ತೆ ಅವುಗಳ ಜಾಗದಲ್ಲೇ ಇಟ್ಟು ಟೇಪು ಸುತ್ತಿ, ತುಂಡನ್ನು ಮೊದಲಿನ ಹಾಗೆ ಚೌಕ ಮಾಡಿ, ಮೇಲಿನ ಗೆರೆಯ ಗುಂಟ ಇನ್ನೊಮ್ಮೆ ಕೊಯ್ದ. ಟೇಪು ಬಿಚ್ಚಿದಾಗ ಒಳಗಿಂದ ಹಿಣಿಲು ಸಮೇತ ಎತ್ತು ಬಂತು, ಕತ್ತು ತುಸು ಬಲಕ್ಕೆ ಹೊರಳಿಸಿಕೊಂಡು. ಉಳಿದದ್ದು ನನ್ನ ಪಾಲು.

ಮುಗಿದ ಮೇಲೆ ಕಾಕಾನಿಗೆ ತೋರಿಸಿ, ಕೆಳಗೆ ಇಬ್ಬರ ಹೆಸರೂ ಕೆತ್ತೋಣವೆಂದೆ. ಅವನು ನನ್ನ ಹಿಂಗಾಲಿನ ಕೆಲಸವನ್ನು, ಅಂದರೆ ಎತ್ತಿನ ಹಿಂಗಾಲನ್ನು, ಬಹಳ ಹೊತ್ತು ನೋಡಿದ. “ಹಿಂಗಾಲ ನಿಮ್ಮ ಹೆಸರಿಗೇ ಇರಲ್ರಿ. ಹಿಣಿಲಿಗಿ ಬೇಕಾದ್ರ ನನ್ನ ಹೆಸರ ಹಾಕ್ರಿ.”

ಬಾಗೇವಾಡಿಯ ಗೆಳೆಯ ಎತ್ತನ್ನು ಕೈಗೆ ತೆಗೆದುಕೊಂಡು ಸಂತೆಯಲ್ಲಿ ನೋಡುವ ಕ್ರಮದಲ್ಲೇ ನೋಡಿದ. ಹಲ್ಲು ನೋಡಲು ಬಾಯಿ ತೆರೆಯುವಂತಿರಲಿಲ್ಲ, ಸುಳಿ ಹುಡುಕಿದ. ಹಣೆಯ ನಡುಮಧ್ಯೆ ಬೇವಿನದೊಂದು ಗಂಟು ಬಂದಿತ್ತು. ಕಾಕಾನ ಗರಗಸ ಅದನ್ನು ಎಣಿಸಿರಲಿಲ್ಲ. ನನ್ನ ಚಾಕು ಅದಕ್ಕೆ ಹೆದರಿ ಸುತ್ತಿ ಬಳಸಿ ಹೋಗಿತ್ತು. ಗೆಳೆಯನ ಬೆರಳು ಅಲ್ಲಿ ನಿಂತಿತು.

“ಅಬಬಬಾ, ಸುಳಿ ನೋಡು! ಹಿಂತಾ ಚಲೋ ಸುಳಿ ಲಕ್ಷ ಕೊಟ್ರೂ ಸಿಗೂದಿಲ್ಲೋ. ಯಾರೋ ಇದನ್ನ ತಗದವರು?”

“ನಾನ,” ಎಂದೆ.