ಹಲ್ಲು ನೋಡಿ ಕೊಳ್ಳುವ ಗಾಡಿ

ವಾಹನವೆಂಬ ಶಬ್ದಕ್ಕೆ ಹೊತ್ತೊಯ್ಯುವಂಥದ್ದು ಎಂಬ ಅರ್ಥವಿದ್ದರೂ, ಕಂತು, ವಿಮೆ, ತೆರಿಗೆ ಮತ್ತು ದುರಸ್ತಿ ಎಂಬ ನಾಲ್ಕು ಭಾರಗಳನ್ನು ಅದರ ಒಡೆಯನೇ ಹೊರಬೇಕಾಗುವುದರಿಂದ, ಯಾರು ಯಾರ ವಾಹನವೆಂಬ ಪ್ರಶ್ನೆ ಲೋಕಾಪುರದ ಮಟ್ಟಿಗೆ ಇನ್ನೂ ಇತ್ಯರ್ಥವಾಗಿಲ್ಲ. ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ರಸ್ತೆಯಲ್ಲಿ ಮುಧೋಳದ ದಾರಿ ಕವಲೊಡೆಯುವಲ್ಲಿರುವ ಈ ಪಟ್ಟಣದಲ್ಲಿ ಒಂದು ಮನೆಯವರು ಗಾಡಿ ಕೊಳ್ಳುವ ವಿಚಾರ ಮಾಡಿದರೆಂದರೆ, ಚಾದ ಅಂಗಡಿಯ ಮುಂದೆ ಕೂತವರೆಲ್ಲ ಹೊಸದರ ಮತ ಮತ್ತು ಹಳೆಯದರ ಮತ ಎಂದು ಎರಡಾಗಿ ಒಡೆಯುತ್ತಾರೆ. ಈ ಎರಡು ಮತಗಳ ನಡುವಣ ವಾದಕ್ಕೆ ಹೋಲಿಸಿದರೆ ದ್ವೈತಾದ್ವೈತಗಳ ವಾದವು ಎಷ್ಟೋ ಸೌಮ್ಯವಾದದ್ದು. ಗಾಡಿಯೆಂದರೆ ಇಲ್ಲಿ ಮುಖ್ಯವಾಗಿ ಮೋಟರ್ ಸೈಕಲ್ಲು, ಹಿರಿಯರ ಬಾಯಲ್ಲಿ ಫಟಫಟಿ. ಎತ್ತು ಹೂಡುವ ಗಾಡಿಗೆ ಚಕ್ಕಡಿಯೆಂಬ ಬೇರೆ ಹೆಸರು ಇರುವುದರಿಂದ ಗೊಂದಲಕ್ಕೆ ಆಸ್ಪದವಿಲ್ಲ.

ಬಳಸಿದ ವಸ್ತುವನ್ನು ಪರೀಕ್ಷಿಸಿ ಕೊಳ್ಳುವ ವಿದ್ಯೆಯು ಈ ಭಾಗಕ್ಕೆ ಇಂಜಿನ್ನಿನೊಡನೆ ಬಂದದ್ದಲ್ಲವೆಂಬುದನ್ನು ಮೊದಲಿಗೇ ಗಮನಿಸಬೇಕು. ದನದ ಸಂತೆಯಲ್ಲಿ ಕಿಲಾರಿ ಹೋರಿಯ ಬಾಯಿ ಬಿಡಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ಎಂದು ವಯಸ್ಸು ತಿಳಿಯುವುದು, ಮೈಮೇಲಿನ ಸುಳಿ ನೋಡಿ ಗುಣ ತಿಳಿಯುವುದು, ಕಡೆಗೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಮೂರನೆಯವರಿಗೆ ಗೊತ್ತಾಗದಂತೆ ಬೆಲೆ ಕುದುರಿಸುವುದು, ಇವೆಲ್ಲ ಒಂದು ಶಾಸ್ತ್ರದ ಅಂಗಗಳು. ಆ ಶಾಸ್ತ್ರವೇ ಈಗ ಯಂತ್ರದ ಮೇಲೆ ಪ್ರಯೋಗವಾಗುತ್ತಿದೆ. ಹಲ್ಲಿನ ಬದಲಿಗೆ ಮೀಟರಿನ ಅಂಕಿ ನೋಡಬಹುದಾದರೂ, ಅಂಕಿಯನ್ನು ತಿರುಗಿಸಬಹುದೆಂದು ಬಲ್ಲ ಜಾಣರು ಚೈನನ್ನು ಎಳೆಯುವ ಸ್ಪ್ರಾಕೆಟ್ ಎಂಬ ಚಕ್ರದ ಹಲ್ಲನ್ನೇ ನೋಡುತ್ತಾರೆ. ಬಳಕೆಯಾದಂತೆಲ್ಲ ಆ ಹಲ್ಲು ಸವೆದು, ಮೊನೆಯಾಗಿ, ಒಂದು ಕಡೆಗೆ ಕೊಕ್ಕೆಯಂತೆ ಬಾಗುವುದರಿಂದ, ಮಾರುವವನು ಹೇಳಿದ ಹನ್ನೆರಡು ಸಾವಿರ ಕಿಲೋಮೀಟರನ್ನು ಅದು ತನ್ನಷ್ಟಕ್ಕೆ ತಾನೇ ಅಲ್ಲಗಳೆಯುತ್ತದೆ. ಎತ್ತಿನ ಸುಳಿಗೆ ಸಮನಾದದ್ದು ನಂಬರ್ ಪ್ಲೇಟು. ಕೆಎ 48 ಎಂದಿದ್ದರೆ ಜಮಖಂಡಿಯ ನೋಂದಣಿ, ಕೆಎ 29 ಎಂದಿದ್ದರೆ ಬಾಗಲಕೋಟೆಯದು. ಕೆಎ 28 ಎಂದಿದ್ದರೆ ಗಾಡಿ ವಿಜಯಪುರದ ಕಡೆಯಿಂದ ಬಂದಿರಬೇಕು. ಎಂಎಚ್ 10 ಎಂಬ ಸಾಂಗಲಿಯ ಸುಳಿ ಕಂಡರೆ ಬೆಲೆ ಕಡಿಮೆ, ಓಡಾಟ ಹೆಚ್ಚು. ಅಲ್ಲಿನ ಕಚೇರಿಯಿಂದ ಎನ್‌ಒಸಿ, ಎಂದರೆ ತಮ್ಮ ತಕರಾರೇನೂ ಇಲ್ಲವೆಂಬ ಪತ್ರ ತರಬೇಕು, ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಓಡಿಸುವುದಿದ್ದರೆ ಇಲ್ಲಿಯ ನಂಬರು ಪಡೆಯಬೇಕು, ತೆರಿಗೆಯನ್ನೂ ಇಲ್ಲಿ ಮತ್ತೆ ಕಟ್ಟಬೇಕು.

ಪರೀಕ್ಷೆಯ ಕ್ರಮವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಕೊಳ್ಳುವವನು ಮೊದಲು ಮಾತಾಡದೆ ಇಂಜಿನ್ನಿನ ಮೇಲೆ ಅಂಗೈ ಇಡುತ್ತಾನೆ. ಅದು ಬೆಚ್ಚಗಿದ್ದರೆ, ತಣ್ಣಗಿದ್ದಾಗ ಗಾಡಿ ಸುಲಭವಾಗಿ ಚಾಲೂ ಆಗುವುದಿಲ್ಲವೆಂದೂ, ಅದನ್ನು ಮುಚ್ಚಿಡಲು ಒಡೆಯನು ನಸುಕಿನಲ್ಲೇ ಹತ್ತು ಒದೆ ಒದ್ದು ತಯಾರು ಮಾಡಿ ನಿಲ್ಲಿಸಿದ್ದಾನೆಂದೂ ತಿಳಿಯಬೇಕು. ಆ ಮೇಲೆ ಸೈಲೆನ್ಸರಿನ ಬಾಯಿಗೆ ಬೆರಳಾಡಿಸಿ, ಕರಿ ಒಣಗಿದೆಯೋ ಎಣ್ಣೆಯಿಂದ ಅಂಟಾಗಿದೆಯೋ ಎಂದು ಹೆಬ್ಬೆರಳಿನಿಂದ ತಿಕ್ಕಿ ನೋಡುತ್ತಾನೆ. ಅಂಟಾಗಿದ್ದರೆ ಪಿಸ್ಟನ್ನಿನ ರಿಂಗು ಸವೆದು ಆಯಿಲ್ಲು ಒಳಗೆ ಉರಿಯುತ್ತಿದೆಯೆಂದು ಅರ್ಥ. ಮಾರುವವನು ಇಷ್ಟು ಹೊತ್ತೂ ಗಾಡಿಯ ಸೀಟನ್ನು, ಮಗಳ ಬೆನ್ನು ಸವರುವ ತಂದೆಯಂತೆ ಸವರುತ್ತ, “ಮನಿ ಮಗಳಂಗ ಇಟ್ಟೇವ್ರಿ, ಸಿಂಗಲ್ ಹ್ಯಾಂಡ್ ಗಾಡಿ” ಎನ್ನುತ್ತಿರುತ್ತಾನೆ. ಸಿಂಗಲ್ ಹ್ಯಾಂಡ್ ಎಂದರೆ ಒಬ್ಬನೇ ಒಡೆಯನು ಓಡಿಸಿದ್ದೆಂದು ಅರ್ಥ. ಅವನ ಇಬ್ಬರು ತಮ್ಮಂದಿರು, ಮೂವರು ಅಳಿಯಂದಿರು ಮತ್ತು ಹಾಲು ಹಾಕುವ ಹುಡುಗನು ಒಡೆಯರಲ್ಲದ ಕಾರಣ ಎಣಿಕೆಗೆ ಬರುವುದಿಲ್ಲ.

ಹೊಸ ಗಾಡಿಗೆ ಈ ಯಾವ ಪರೀಕ್ಷೆಯೂ ಬೇಡವಾದರೂ, ಅದರ ಬೆಲೆಯೇ ಒಂದು ಪರೀಕ್ಷೆ. ಜಾಹೀರಾತಿನಲ್ಲಿ ಕಾಣುವ ಶೋರೂಮ್ ಬೆಲೆಯು ಗಾಡಿ ಶೋರೂಮಿನ ಒಳಗೇ ನಿಂತಿರುವುದಾದರೆ ಮಾತ್ರ ಸತ್ಯ. ರಸ್ತೆಗಿಳಿಯಬೇಕಾದರೆ ಅದರ ಮೇಲೆ ನೋಂದಣಿ, ವಿಮೆ, ಜೀವಾವಧಿ ತೆರಿಗೆಗಳು ಸೇರಿ ಆನ್‌ರೋಡ್ ಬೆಲೆಯಾಗುತ್ತದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷಗಳ ಮೂರನೆಯವರ ವಿಮೆಯನ್ನು, ಎಂದರೆ ನಮ್ಮ ಗಾಡಿಯಿಂದ ಇತರರಿಗಾಗುವ ಹಾನಿಯ ವಿಮೆಯನ್ನು, ಮೊದಲ ದಿನವೇ ಒಟ್ಟಿಗೆ ಕಟ್ಟಬೇಕಾಗಿದೆ. ಗಾಡಿಯ ಸ್ವಂತ ಹಾನಿಗೆ ವಿಮೆ ಮಾಡುವಾಗ ಅದರ ಮೌಲ್ಯವನ್ನು ಎಣಿಸುವ ಒಂದು ಸವಕಳಿ ಪಟ್ಟಿಯಿದ್ದು, ಅದರ ಪ್ರಕಾರ 6 ತಿಂಗಳೊಳಗೆ 5%, ವರ್ಷದೊಳಗೆ 15%, ಎರಡನೆಯ ವರ್ಷ 20%, ಮೂರನೆಯದು 30%, ನಾಲ್ಕನೆಯದು 40%, ಐದನೆಯ ವರ್ಷ 50% ಮೌಲ್ಯ ಕಳೆಯುತ್ತದೆ. ಇಲ್ಲಿ ಎತ್ತಿಗೂ ಗಾಡಿಗೂ ಇರುವ ಮೂಲಭೂತ ಭೇದವು ಸ್ಪಷ್ಟವಾಗುತ್ತದೆ: ಐದನೆಯ ವರ್ಷದ ಹೊತ್ತಿಗೆ ಎತ್ತು ಎಂಟು ಹಲ್ಲು ಮೂಡಿ, ಬಾಯಿಗೂಡಿ, ದುಡಿಮೆಯ ತುಂಬು ಹರೆಯಕ್ಕೆ ಬಂದಿರುತ್ತದೆ, ಅದೇ ವಯಸ್ಸಿಗೆ ಗಾಡಿಯು ಕಾಗದದಲ್ಲಿ ಅರ್ಧ ಸತ್ತಿರುತ್ತದೆ.

ಹೊಸದರ ಮತದವರು ಇದಕ್ಕೆ ಅಂಜದೆ, ಕೈಯಿಂದ ಒಮ್ಮೆಗೇ ಕೊಡಬೇಕಾಗಿಲ್ಲ, ಕಂತು ಇದೆಯಲ್ಲ ಎಂದು ಉತ್ತರಿಸುತ್ತಾರೆ. ಕಂತಿನ ಲೆಕ್ಕವನ್ನು ಬಿಡಿಸಿ ನೋಡುವವರು ಕಡಿಮೆ. 80,000 ರೂಪಾಯಿ ಸಾಲಕ್ಕೆ ಫ್ಲಾಟ್ 10% ಬಡ್ಡಿಯೆಂದರೆ, ಮೂರು ವರ್ಷಕ್ಕೆ 24,000 ಬಡ್ಡಿ ಸೇರಿ, 36 ಕಂತುಗಳಲ್ಲಿ ತಿಂಗಳಿಗೆ ಸುಮಾರು 2,889 ರೂಪಾಯಿ ಬೀಳುತ್ತದೆ. ಫ್ಲಾಟ್ ಎಂದರೆ ಅಸಲು ಪ್ರತಿ ತಿಂಗಳೂ ತೀರುತ್ತ ಬಂದರೂ ಬಡ್ಡಿಯನ್ನು ಮೊದಲಿನ ಇಡೀ ಮೊತ್ತದ ಮೇಲೆಯೇ ಹಿಡಿಯುವ ಪದ್ಧತಿ. ಉಳಿದ ಅಸಲಿನ ಮೇಲೆ ಹಿಡಿದರೆ ಇದೇ ಕಂತು 18% ಬಡ್ಡಿಯ ಹತ್ತಿರ ಬರುತ್ತದೆ. ಹತ್ತು ಎಂದು ಹೇಳಿ ಹದಿನೆಂಟು ತೆಗೆದುಕೊಳ್ಳುವ ಈ ಕೈಚಳಕದ ಮುಂದೆ ಟವೆಲ್ಲಿನ ಮರೆಯ ಬೆರಳಾಟವು ಬಹಿರಂಗ ವ್ಯವಹಾರವೆನಿಸುತ್ತದೆ.

ಆದರೂ ಲೋಕಾಪುರದ ಸುತ್ತಿನಲ್ಲಿ ಹಳೆಯದರ ಮತಕ್ಕಿರುವ ಬಲದ ಮೂಲವು ಬಡ್ಡಿಯಲ್ಲಿಲ್ಲ, ಪಂಚಾಂಗದಲ್ಲಿದೆ. ಬ್ಯಾಂಕಿನ ಪಂಚಾಂಗವು ತಿಂಗಳಿನದು, ಕಬ್ಬಿನ ಪಂಚಾಂಗವು ವರ್ಷದ್ದು. ಮುಧೋಳ ತಾಲ್ಲೂಕಿನ ರೈತನ ಕಬ್ಬು ಹನ್ನೆರಡು ತಿಂಗಳು ಹೊಲದಲ್ಲಿದ್ದು, ದೀಪಾವಳಿಯ ಆಸುಪಾಸಿನಲ್ಲಿ ಶುರುವಾಗುವ ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಗೆ ಹೋದ ಮೇಲೆ ‘ಬಿಲ್’ ಬರುತ್ತದೆ. ಕಬ್ಬು ತಲುಪಿದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವು ಹೇಳುತ್ತದಾದರೂ, ಕಾಯುವವನ ಎಣಿಕೆಯಲ್ಲಿ ದಿನಗಳು ಆದೇಶದ ದಿನಗಳಿಗಿಂತ ಉದ್ದವಾಗಿರುತ್ತವೆ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರವು 10.25% ಸಕ್ಕರೆ ಇಳುವರಿಯ ಕಬ್ಬಿಗೆ ಟನ್ನಿಗೆ 3,550 ರೂಪಾಯಿಯ ಎಫ್‌ಆರ್‌ಪಿ, ಎಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರವನ್ನು ಗೊತ್ತುಮಾಡಿದ್ದು, ಆ ಲೆಕ್ಕದಲ್ಲಿ ಲಕ್ಷ ರೂಪಾಯಿಯ ಮೋಟರ್ ಸೈಕಲ್ಲು ಸುಮಾರು 28 ಟನ್ ಕಬ್ಬಿಗೆ ಸಮ. ಕಟಾವು ಮತ್ತು ಸಾಗಾಟದ ಕೂಲಿ ಕಳೆದರೆ ಇನ್ನೂ ಹೆಚ್ಚು ಟನ್ ಬೇಕು. ಮೂರು ವರ್ಷದಲ್ಲಿ ಕಂತು 36 ಸಲ ಬರುತ್ತದೆ, ಬಿಲ್ಲು 3 ಸಲ. ಇಷ್ಟೇ ಈ ಭಾಗದ ವಾಹನ ಅರ್ಥಶಾಸ್ತ್ರ.

ಹಳೆಯ ಗಾಡಿಯ ಖರ್ಚಿಗಾದರೋ ಕಾಯುವ ಗುಣವಿದೆ. ಕ್ಲಚ್ ಪ್ಲೇಟು ಜಾರತೊಡಗಿದ ಮೇಲೂ ಗಾಡಿ ಏರಿನಲ್ಲಿ ನರಳುತ್ತ ಎರಡು ತಿಂಗಳು ಓಡುತ್ತದೆ. ಹಾರ್ನು ಕೆಟ್ಟರೆ ಗಾಡಿಯ ಉಳಿದ ಭಾಗಗಳೆಲ್ಲ ಸದ್ದು ಮಾಡುವುದರಿಂದ ಅದರ ಕೊರತೆ ಕಾಣುವುದಿಲ್ಲ. ಸ್ಟ್ಯಾಂಡು ಮುರಿದರೆ ಗೋಡೆಗಳು ಇದ್ದೇ ಇವೆ. ಪ್ರತಿಯೊಂದಕ್ಕೂ “ಬಿಲ್ ಬಂದ್ಮ್ಯಾಲ ನೋಡೂಣು” ಎಂಬ ಒಂದೇ ಪರಿಹಾರ ಸಾಕಾಗುತ್ತದೆ. ಮುಂದೂಡಲಾಗದ ಕೆಲಸ ಬಂದಾಗ ಮಿಸ್ತ್ರಿ, ಎಂದರೆ ಗ್ಯಾರೇಜಿನ ದುರಸ್ತಿಗಾರ, ಉದ್ದರಿ ಬರೆದುಕೊಳ್ಳುತ್ತಾನೆ. ಉದ್ದರಿಯೆಂದರೆ ಬಡ್ಡಿಯಿಲ್ಲದ, ಜಾಮೀನಿಲ್ಲದ, ಆದರೆ ಕೊಟ್ಟವನು ಎದುರಿಗೆ ಬಂದಾಗ ದಾರಿ ಬದಲಿಸಬೇಕಾದ ಸಾಲ. ಇಂಜಿನ್ನಿನ ಮೇಲ್ಭಾಗವನ್ನಷ್ಟೇ ಬಿಚ್ಚಿದರೆ ‘ಹಾಫ್ ಇಂಜಿನ್’, ಪೂರ್ತಿ ಬಿಚ್ಚಿದರೆ ‘ಫುಲ್ ಇಂಜಿನ್’ ಎಂಬ ಅವನ ವರ್ಗೀಕರಣದಲ್ಲಿ, ಹಾಫ್ ಎಂದು ಬಿಚ್ಚಿದ್ದು ಹಾಫಿನಲ್ಲೇ ಮುಗಿಯುವುದು ಅಪರೂಪ. ಚಿಲ್ಲರೆ ಚಿಲ್ಲರೆಯಾಗಿ ಹೋದ ಈ ಹಣವನ್ನು ಯಾರೂ ಕೂಡಿಸುವುದಿಲ್ಲ. ಕೂಡಿಸಿದರೆ ಮೂಗಿಗಿಂತ ಮೂಗುತಿ ಭಾರವಾದದ್ದು ಮನೆಯಾಕೆಗೆ ತಿಳಿಯುತ್ತದೆಂಬ ಭಯವೇ ಹಳೆಯದರ ಮತದ ಆಧಾರಸ್ತಂಭ.

ಸರ್ಕಾರದ ದೃಷ್ಟಿಯಲ್ಲಿ ಜೀವಾವಧಿಯೆಂದರೆ 15 ವರ್ಷ. ಅದು ತೀರಿದ ಮೇಲೆ ಐದೈದು ವರ್ಷಕ್ಕೆ ನೋಂದಣಿಯನ್ನು ನವೀಕರಿಸಬೇಕು. ಇದಕ್ಕೆ ಜನರು ಪಾಸಿಂಗ್ ಎನ್ನುತ್ತಾರೆ. ಮೋಟರ್ ಸೈಕಲ್ಲಿಗೆ 300 ರೂಪಾಯಿ ಇದ್ದ ಈ ಶುಲ್ಕವು 2022ರ ಏಪ್ರಿಲ್ 1ರಿಂದ 1,000 ಆಯಿತು, 2025ರಲ್ಲಿ 20 ವರ್ಷ ದಾಟಿದವಕ್ಕೆ 2,000 ಆಯಿತು. ಇದರ ಮೇಲೆ 2025ರ ಸೆಪ್ಟೆಂಬರ್ 22ರಂದು 350 ಸಿಸಿವರೆಗಿನ ಹೊಸ ದ್ವಿಚಕ್ರ ವಾಹನಗಳ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿದಾಗ, ಅಂಗಳಗಳಲ್ಲಿ ತಮ್ಮ ಪಾಡಿಗೆ ನಿಂತಿದ್ದ ಹಳೆಯ ಗಾಡಿಗಳೆಲ್ಲ ಒಂದು ಕಿಲೋಮೀಟರೂ ಓಡದೆ ಬೆಲೆ ಕಳೆದುಕೊಂಡವು.

ಯಾವ ಮತದವರೂ ಬರೆದಿಡದ ಖರ್ಚು ಇನ್ನೊಂದಿದೆ. ಹೊಸ ಗಾಡಿ ಬಂದರೆ ಓಣಿಗೆಲ್ಲ ಪೇಢೆ ಹಂಚಬೇಕು. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನೆಂಬ ಗಾದೆಯಂತೆ, ಖಂಡೇಪೂಜೆಗೊಮ್ಮೆ, ಎಂದರೆ ಆಯುಧಪೂಜೆಗೊಮ್ಮೆ, ತೊಳೆದರೆ ಸಾಲುವ ವಾಹನವನ್ನು ದಿನವೂ ತೊಳೆಯಬೇಕು. ಹೊಸದನ್ನು ಕೇಳಲು ನೆಂಟರೂ ಹಿಂಜರಿಯುತ್ತಾರೆ. ಹಳೆಯದನ್ನು ಮಾತ್ರ “ಕಾಕಾ, ಹಿಂಗ ಹೋಗಿ ಹಂಗ ಬರ್ತೀನ್ರಿ” ಎಂದು ಓಣಿಯ ಯಾವ ಹುಡುಗನಾದರೂ ಒಯ್ಯಬಹುದು, ಪೆಟ್ರೋಲು ರಿಸರ್ವಿಗೆ ಬಂದ ಮೇಲೆ ಭಕ್ತಿಯಿಂದ ತಂದು ನಿಲ್ಲಿಸಬಹುದು.

ಇಷ್ಟಾಗಿ ಬಿಲ್ಲು ಬಂದ ವಾರ, ಹಳೆಯ ಗಾಡಿಯ ಒಡೆಯನು ಈ ಸಲ ಹೊಸದನ್ನೇ ಕೊಳ್ಳುವುದೆಂದು ಮನಸ್ಸು ಗಟ್ಟಿ ಮಾಡಿ ಶೋರೂಮಿಗೆ ಹೊರಡುವುದುಂಟು. ಆದರೆ ಎತ್ತಿನ ಸಂತೆಗೆ ತಿಳಿದವರನ್ನು ಕರೆದೊಯ್ಯುವ ಹಳೆಯ ರೂಢಿಯಂತೆ ಅವನು ಮಿಸ್ತ್ರಿಯನ್ನೇ ಹಿಂದೆ ಕೂಡಿಸಿಕೊಂಡು ಹೋಗುತ್ತಾನೆ. ಮಿಸ್ತ್ರಿಯು ಹೊಸ ಗಾಡಿಯ ಸುತ್ತ ಒಂದು ಸುತ್ತು ಬಂದು, ತಗಡನ್ನು ಬೆರಳ ಗೆಣ್ಣಿನಿಂದ ಟಣ್ ಟಣ್ ಎಂದು ಬಡಿದು, ಒಂದು ನಿಟ್ಟುಸಿರು ಬಿಟ್ಟು, “ಈಗಿನೂವು ತೆಳ್ಳಗ್ರಿ ಕಾಕಾ, ಇದ್ದದ್ದ ಚಲೋ ಐತಿ, ಒಂದ್ ಹಾಫ್ ಇಂಜಿನ್ ಮಾಡಿಸಿಬಿಡ್ರಿ” ಎಂದು ತೀರ್ಪು ಕೊಡುತ್ತಾನೆ. ಇಬ್ಬರೂ ಹಳೆಯ ಗಾಡಿಯನ್ನು ತಳ್ಳಿ ಚಾಲೂ ಮಾಡಿಕೊಂಡು ಮರಳುತ್ತಾರೆ. ಬಿಲ್ಲಿನ ಹಣದಲ್ಲಿ ಉದ್ದರಿ ತೀರುತ್ತದೆ, ಆ ಪುಟದ ಕೆಳಗೆ ಹೊಸ ಉದ್ದರಿಯ ಮೊದಲ ಸಾಲು ಬೀಳುತ್ತದೆ.